ದಿನಸಿ ಅಂಗಡಿಯ ಮುಂದೆ ರೈಫಲ್: ಅವರ ಹಕ್ಕು, ನಮ್ಮ ಹಕ್ಕು

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಪ್ಲೇನೊದಲ್ಲಿದ್ದೇವೆ. ಮೊನ್ನೆ ಮಕ್ಕಳನ್ನು ಕರೆದುಕೊಂಡು ದಿನಸಿ ತರಲು ಹೋದಾಗ ಪಾರ್ಕಿಂಗ್ ಜಾಗದಲ್ಲಿ ಇಬ್ಬರು ಎದೆಗೆ ಅಡ್ಡವಾಗಿ ರೈಫಲ್ ತಗುಲಿಸಿಕೊಂಡು ಓಡಾಡುತ್ತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ನಾವು ಸಾಮಾನು ಕೊಳ್ಳದೆ ಮನೆಗೆ ಬಂದೆವು. ನಮ್ಮ ಯಜಮಾನರು, ‘ಅದು ಅವರ ಹಕ್ಕು, ನಾವು ಹೊರಗಿನವರು, ಸುಮ್ಮನಿರಬೇಕು’ ಎನ್ನುತ್ತಾರೆ. ಇದು ನಿಜಕ್ಕೂ ಕಾನೂನುಬದ್ಧವೇ? ಸುಮ್ಮನೇ ಇರಬೇಕೆ?
– ಓದುಗರೊಬ್ಬರು, ಟೆಕ್ಸಸ್

ಉತ್ತರ: ಟೆಕ್ಸಸ್‌ನಲ್ಲಿ ಅದು ಕಾನೂನುಬದ್ಧವೇ. ಆದರೆ ನೀವು ಸುಮ್ಮನಿರಬೇಕಾಗಿಲ್ಲ.

ಉದ್ದ ನಳಿಗೆಯ ಬಂದೂಕನ್ನು ಎಲ್ಲರಿಗೂ ಕಾಣುವಂತೆ ಒಯ್ಯಲು ಅಲ್ಲಿ ಲೈಸೆನ್ಸ್ ಬೇಕಾಗಿಲ್ಲ. ಚಿಕ್ಕ ಪಿಸ್ತೂಲಿಗೇ ಬಹುಕಾಲ ಹೆಚ್ಚು ಕಟ್ಟುಪಾಡು ಇತ್ತು ಎಂದರೆ ನಿಮಗೆ ಆಶ್ಚರ್ಯವಾದೀತು. ಅಂತರ್ಯುದ್ಧ ಮುಗಿದ ಮೇಲೆ, 1871ರಲ್ಲಿ, ಪಿಸ್ತೂಲು ಕಟ್ಟಿಕೊಂಡು ಊರಲ್ಲಿ ತಿರುಗುವುದನ್ನು ಟೆಕ್ಸಸ್ ನಿಷೇಧಿಸಿತು. ಬೇಟೆಗೂ ದನಗಳ ಕಾವಲಿಗೂ ಬೇಕಾದ ರೈಫಲ್‌ನ ತಂಟೆಗೆ ಹೋಗಲಿಲ್ಲ. ಆಗಿನ ರೈತನಿಗೆ ಅದು ಕೆಲಸದ ಸಾಮಾನು. ಈಗಲೂ ಹಳ್ಳಿ ಕಡೆಯ ದೊಡ್ಡ ದನದ ಫಾರ್ಮುಗಳಾದ ರ‍್ಯಾಂಚ್‌ಗಳಲ್ಲಿ ಕಾಡುಹಂದಿಗಳ ಕಾಟಕ್ಕೆ ರೈಫಲ್ ಹಿಡಿದು ಹೊರಟವನನ್ನು ಯಾರೂ ತಿರುಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಪೇಟೆಯಲ್ಲಿ ಅದೇ ರೈಫಲ್ ಕಂಡಾಗ ಮಾತು ಬೇರೆಯಾಗುತ್ತದೆ.

ಪೇಟೆಗೆ ಅದು ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. 2013–14ರಲ್ಲಿ ಓಪನ್ ಕ್ಯಾರಿ ಟೆಕ್ಸಸ್ ಎಂಬ ಗುಂಪಿನವರು ರೈಫಲ್ ಹೊತ್ತು ಅಂಗಡಿ, ಹೋಟೆಲುಗಳಿಗೆ ಹೋಗತೊಡಗಿದರು. ಅವರಿಗೆ ಬೇಕಿದ್ದದ್ದು ಪಿಸ್ತೂಲನ್ನು ಸೊಂಟದ ಮೇಲೆ ಕಾಣುವಂತೆ ಧರಿಸುವ ಅನುಮತಿ. ಅದು ಆಗ ಇರಲಿಲ್ಲ. ರೈಫಲ್‌ಗೆ ಅಡ್ಡಿಯಿಲ್ಲ, ಪಿಸ್ತೂಲಿಗೆ ಏಕೆ ಅಡ್ಡಿ ಎಂದು ತೋರಿಸಲು ರೈಫಲ್ ಹೊತ್ತರು. 2016ರ ಜನವರಿಯಿಂದ ಲೈಸೆನ್ಸ್ ಇದ್ದವರಿಗೆ ಆ ಅನುಮತಿ ಸಿಕ್ಕಿತು. 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದ ಹೆಚ್ಚಿನವರಿಗೆ ಲೈಸೆನ್ಸ್ ಕೂಡ ಬೇಡವಾಯಿತು. ಬೇಡಿಕೆ ಈಡೇರಿತು, ರೈಫಲ್ ಮಾತ್ರ ಪೇಟೆಯಲ್ಲೇ ಉಳಿಯಿತು. ಆ ದಿನಗಳಲ್ಲಿ ಬಂದೂಕುದಾರರ ಅತಿ ಬಲಿಷ್ಠ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನೇ ಈ ನಡವಳಿಕೆಯನ್ನು ಟೀಕಿಸಿ ಹೇಳಿಕೆ ಕೊಟ್ಟಿತ್ತು. ಕೆಲವೇ ದಿನಗಳಲ್ಲಿ, ಅದು ಒಬ್ಬ ಸಿಬ್ಬಂದಿಯ ಸ್ವಂತ ಅಭಿಪ್ರಾಯ ಎಂದು ಹಿಂದೆಗೆದುಕೊಂಡಿತು. ಬಂದೂಕು ಪ್ರೀತಿಸುವವರೊಳಗೇ ಈ ವಿಷಯಕ್ಕೆ ಒಮ್ಮತ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಅವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಬಳಸದ ಹಕ್ಕು ನಿಧಾನಕ್ಕೆ ಕೈತಪ್ಪುತ್ತದೆ ಎಂಬುದು ಒಂದು. ಕಣ್ಣಿಗೆ ಕಾಣುವ ಬಂದೂಕಿಗೆ ಕಳ್ಳಕಾಕರು ಹೆದರುತ್ತಾರೆ ಎಂಬುದು ಇನ್ನೊಂದು. ಬಚ್ಚಿಟ್ಟುಕೊಂಡು ಓಡಾಡುವುದಕ್ಕಿಂತ ತೋರಿಸಿಕೊಂಡು ಓಡಾಡುವುದೇ ಪ್ರಾಮಾಣಿಕ ಎಂಬುದು ಮೂರನೆಯದು. ಶಸ್ತ್ರ ಹೊಂದುವ ಹಕ್ಕನ್ನು ಹೇಳುವ, ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದದ್ದು 1791ರಲ್ಲಿ. ಮನೆಯೊಳಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. ಆ ಹಕ್ಕು ಮನೆಯಾಚೆಗೂ ಇದೆ ಎಂದು 2022ರಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಹೇಳಿತು. ಆದರೆ ಹೆಲ್ಲರ್ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ: ಈ ಹಕ್ಕಿಗೆ ಮಿತಿಯಿದೆ, ಶಾಲೆ, ಸರ್ಕಾರಿ ಕಟ್ಟಡಗಳಂಥ ಸೂಕ್ಷ್ಮ ಜಾಗಗಳಲ್ಲಿ ಬಂದೂಕು ಬೇಡವೆನ್ನಬಹುದು. ಆ ತೀರ್ಪು ಬರೆದವರು ಬಂದೂಕು ಹಕ್ಕಿನ ಪರವಾಗಿ ನಿಂತ ನ್ಯಾಯಮೂರ್ತಿ ಸ್ಕಾಲಿಯಾ. ಹಕ್ಕಿನ ವಾದ ಮುಂದಿಡುವವರು ಈ ಸಾಲನ್ನೂ ಓದಬೇಕು.

ಕಾಣುವಂತಿದ್ದರೆ ಒಳ್ಳೆಯದು ಎಂಬ ವಾದ ನನಗೆ ಒಪ್ಪಿಗೆಯಾಗದಿರಲು ಕಾರಣ ಹೇಳುತ್ತೇನೆ. ಹೆಗಲ ಮೇಲಿನ ರೈಫಲ್ ನೋಡಿ ಅದನ್ನು ಹೊತ್ತವನ ಮನಸ್ಸಿನಲ್ಲೇನಿದೆ ಎಂದು ಯಾರೂ ಹೇಳಲಾರರು, ಪೊಲೀಸರೂ ಹೇಳಲಾರರು. 2015ರ ಅಕ್ಟೋಬರ್ 31ರಂದು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮಹಿಳೆಯೊಬ್ಬರು ರೈಫಲ್ ಹಿಡಿದವನನ್ನು ನೋಡಿ ಪೊಲೀಸರ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರು. ಈ ರಾಜ್ಯದಲ್ಲಿ ಬಂದೂಕು ತೋರಿಸಿಕೊಂಡು ಹೋಗಲು ಅನುಮತಿಯಿದೆ ಎಂಬ ವಿವರಣೆ ಅವರಿಗೆ ಸಿಕ್ಕಿತು. ಆಮೇಲೆ ಅವನು ಮೂವರನ್ನು ಕೊಂದ. ಕರೆ ಸ್ವೀಕರಿಸಿದವರನ್ನು ನಾನು ದೂರುವುದಿಲ್ಲ. ರೈಫಲ್ ಹಿಡಿದು ನಡೆಯುವುದನ್ನಷ್ಟೇ ನೋಡಿದರೆ ಅಂಥವನೂ ಕಾನೂನುಬದ್ಧವಾಗಿ ಒಯ್ಯುವವರೂ ಒಂದೇ ಥರ ಕಾಣುತ್ತಾರೆ.

ನಿಮ್ಮ ಊರ ಪಕ್ಕದ ಡಲ್ಲಾಸ್‌ನಲ್ಲೇ 2016ರ ಜುಲೈ 7ರಂದು ಪ್ರತಿಭಟನೆಯೊಂದರ ವೇಳೆ ಹಂತಕನೊಬ್ಬ ಐವರು ಪೊಲೀಸರನ್ನು ಗುಂಡಿಕ್ಕಿ ಕೊಂದ. ಮೆರವಣಿಗೆಯಲ್ಲಿ ಕಾನೂನುಬದ್ಧವಾಗಿಯೇ ರೈಫಲ್ ಹೊತ್ತ ಹಲವರಿದ್ದರು. ಗುಂಡು ಹಾರಿದ ಕೂಡಲೇ ಅವರೂ ದಿಕ್ಕಾಪಾಲಾಗಿ ಓಡಿದರು. ಯಾರು ಹಾರಿಸುತ್ತಿದ್ದಾರೆ, ಯಾರು ಓಡುತ್ತಿದ್ದಾರೆ ಎಂದು ಪೊಲೀಸರಿಗೆ ತಿಳಿಯಲಿಲ್ಲ. ಏನೂ ಮಾಡದ ಕಪ್ಪು ವರ್ಣೀಯರೊಬ್ಬರ ಫೋಟೊವನ್ನು ‘ಶಂಕಿತ’ ಎಂದು ಪೊಲೀಸರು ಟ್ವಿಟರ್‌ನಲ್ಲಿ ಹಾಕಿಬಿಟ್ಟರು. ಅವರು ಬಂದೂಕನ್ನು ಪೊಲೀಸರಿಗೆ ಒಪ್ಪಿಸಿದರು, ವಿಚಾರಣೆಯ ನಂತರ ಬಿಡುಗಡೆಯಾದರು. ಗುಂಡಿನ ಚಕಮಕಿ ನಡೆದಾಗ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗುರುತಿಸುವುದು ಕಷ್ಟ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಆಮೇಲೆ ಬಹಿರಂಗವಾಗಿ ಹೇಳಿದರು.

ಇಲ್ಲಿ ಬಣ್ಣದ ಮಾತನ್ನೂ ಮುಚ್ಚಿಡಬಾರದು. 2014ರ ಆಗಸ್ಟ್‌ನಲ್ಲಿ ಒಹಾಯೊ ರಾಜ್ಯದ ವಾಲ್‌ಮಾರ್ಟ್ ಮಳಿಗೆಯೊಂದರಲ್ಲಿ 22 ವರ್ಷದ ಕಪ್ಪು ಯುವಕ ಅಂಗಡಿಯ ಕಪಾಟಿನಲ್ಲೇ ಮಾರಾಟಕ್ಕಿದ್ದ ಏರ್ ರೈಫಲನ್ನು ಕೈಯಲ್ಲಿ ಹಿಡಿದು ಫೋನಿನಲ್ಲಿ ಮಾತಾಡುತ್ತ ನಿಂತಿದ್ದ. ಯಾರೋ 911ಕ್ಕೆ ಕರೆ ಮಾಡಿದರು, ಪೊಲೀಸರು ಬಂದು ಗುಂಡಿಕ್ಕಿದರು. ನಿಜವಾದ ರೈಫಲನ್ನೂ ಕಾಣುವಂತೆ ಒಯ್ಯಬಹುದಾದ ರಾಜ್ಯ ಅದು. ಕಾಗದದ ಮೇಲೆ ಎಲ್ಲರಿಗೂ ಒಂದೇ ಆದ ಹಕ್ಕು ರಸ್ತೆಯಲ್ಲಿ ಎಲ್ಲರಿಗೂ ಒಂದೇ ಆಗಿಲ್ಲ. ನಮ್ಮ ಮೈಬಣ್ಣದವರು ಇದನ್ನು ಮರೆಯಬಾರದು. ಇತಿಹಾಸದಲ್ಲೂ ಹೀಗೆಯೇ. 1967ರ ಮೇ 2ರಂದು ಕಪ್ಪು ವರ್ಣೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯವರು ಬಂದೂಕು ಹೊತ್ತು ಕ್ಯಾಲಿಫೋರ್ನಿಯಾದ ಶಾಸನಸಭೆಯ ಕಟ್ಟಡಕ್ಕೆ ಬಂದರು. ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಒಯ್ಯುವುದನ್ನು ತಡೆಯುವ ಮಸೂದೆ ಅದೇ ವರ್ಷ ಕಾನೂನಾಯಿತು. ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್.

ಒಂದು ಅಂಕಿ ಅಂಶವೂ ಇದೆ. ಸಂಘರ್ಷಗಳ ಲೆಕ್ಕ ಇಡುವ ‘ಆಕ್ಲೆಡ್’ ಸಂಸ್ಥೆಯ ಒಂದು ವರದಿ 2020ರ ಆರಂಭದಿಂದ 2021ರ ಮಧ್ಯದವರೆಗಿನ ಅಮೆರಿಕದ ಪ್ರತಿಭಟನೆಗಳನ್ನು ನೋಡಿತು. ಶಸ್ತ್ರಧಾರಿಗಳಿದ್ದ ಪ್ರತಿಭಟನೆಗಳಲ್ಲಿ ಸುಮಾರು ನೂರಕ್ಕೆ 16 ಹಿಂಸೆಗೆ ಇಲ್ಲವೆ ಆಸ್ತಿ ಹಾನಿಗೆ ತಿರುಗಿದ್ದವು. ಶಸ್ತ್ರವಿಲ್ಲದ ಕಡೆ ಅದು ನೂರಕ್ಕೆ 3ರ ಆಸುಪಾಸು. ಬಂದೂಕೇ ಹಿಂಸೆಗೆ ಕಾರಣ ಎಂದು ಇದರಿಂದ ನೇರವಾಗಿ ಹೇಳಲಾಗದು, ಏಕೆಂದರೆ ಮೊದಲೇ ಬಿಸಿಯಾದ ಜಾಗಕ್ಕೇ ಬಂದೂಕು ಹೊತ್ತವರು ಬರುತ್ತಾರೆ. ಬಂದೂಕು ಕಂಡರೆ ಎಲ್ಲರೂ ತಣ್ಣಗಿರುತ್ತಾರೆ ಎಂಬ ಮಾತಿಗೆ ಮಾತ್ರ ಇದರಲ್ಲಿ ಬೆಂಬಲ ಸಿಗದು.

ಹಾಗಾಗಿ ನನ್ನ ನಿಲುವು: ಮನೆಯಲ್ಲಿ, ಹೊಲದಲ್ಲಿ, ಬೇಟೆಯಲ್ಲಿ ರೈಫಲ್ ಇರಲಿ. ಅಂಗಡಿ, ಮೆರವಣಿಗೆ, ಶಾಸನಸಭೆಯ ಹೊಸ್ತಿಲಲ್ಲಿ ಅದನ್ನು ತೋರಿಸಿಕೊಂಡು ನಿಲ್ಲುವ ಹಕ್ಕನ್ನು ಕಾನೂನು ಕೊಡಬಾರದು. ಅದು ಎದುರಿಗಿರುವವರ ಓಡಾಟವನ್ನೂ ಮಾತನ್ನೂ ಕಸಿದುಕೊಳ್ಳುತ್ತದೆ. ನೀವು ಬರಿಗೈಲಿ ಮನೆಗೆ ಬಂದಿರಲ್ಲ, ಅದೇ ಆ ನಷ್ಟ. ಇಂಥ ಮಿತಿ ಹೊಸದೂ ಅಲ್ಲ. ಜನರಲ್ಲಿ ಭಯ ಹುಟ್ಟಿಸುವಂತೆ ಆಯುಧ ಹಿಡಿದು ತಿರುಗುವುದು ಅಪರಾಧ ಎಂದು ನಾರ್ತ್ ಕ್ಯಾರೊಲಿನಾದ ನ್ಯಾಯಾಲಯ 1843ರಲ್ಲೇ ಹೇಳಿದೆ. ಮೆರವಣಿಗೆ, ಪ್ರತಿಭಟನೆಗಳಿಗೆ ಬಂದೂಕು ತರುವಂತಿಲ್ಲ ಎಂಬ ಕಾನೂನು ಆ ರಾಜ್ಯದಲ್ಲಿದೆ. ಟೆಕ್ಸಸ್‌ಗೂ ಅಂಥದ್ದು ಬರಬೇಕು. ಗಾಳಿ ಬೀಸುತ್ತಿರುವುದು ಎದುರು ದಿಕ್ಕಿಗೆ ಎಂಬುದೂ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಫ್ಲೋರಿಡಾದ ಮೇಲ್ಮನವಿ ನ್ಯಾಯಾಲಯವೊಂದು ಬಂದೂಕನ್ನು ಕಾಣುವಂತೆ ಒಯ್ಯುವುದರ ಮೇಲೆ ಅಲ್ಲಿದ್ದ ನಿಷೇಧವನ್ನೇ ತೆಗೆದುಹಾಕಿತು.

ಇನ್ನು ನಿಮ್ಮ ಕೈಯಲ್ಲಿರುವುದು. ಟೆಕ್ಸಸ್‌ನಲ್ಲೂ ಜನರನ್ನು ಗಾಬರಿಪಡಿಸುವ ಉದ್ದೇಶದ ರೀತಿಯಲ್ಲಿ ಬಂದೂಕು ಪ್ರದರ್ಶಿಸುವುದು ಅಪರಾಧ. ಅದಕ್ಕೆ ಕೈ ಎಲ್ಲಿದೆ ಎಂದು ನೋಡಿ. ಪಟ್ಟಿಯಲ್ಲಿ ಬೆನ್ನಿಗೆ ತೂಗುಬಿದ್ದು ನಳಿಗೆ ನೆಲ ನೋಡುತ್ತಿದ್ದರೆ ಒಂದು ರೀತಿ. ಬಲಗೈ ಹಿಡಿಯ ಮೇಲೆ, ಬೆರಳು ಟ್ರಿಗರ್ ಪಕ್ಕ, ಎಡಗೈ ನಳಿಗೆಯ ಕೆಳಗೆ ಇದ್ದರೆ ಅದು ಒಯ್ಯುವುದಲ್ಲ, ಸಜ್ಜಾಗಿ ನಿಂತಿರುವುದು. ಆಗ ಮಕ್ಕಳನ್ನು ಕರೆದುಕೊಂಡು ದೂರ ಹೋಗಿ 911ಕ್ಕೆ ಹೇಳಿ: ಎಷ್ಟು ಜನ, ಕೈ ಎಲ್ಲಿದೆ, ಯಾವ ಬಾಗಿಲ ಕಡೆ ಹೋಗುತ್ತಿದ್ದಾರೆ, ಏನಾದರೂ ಕೂಗಾಡುತ್ತಿದ್ದಾರೆಯೇ. ‘ಗನ್ ಇದೆ’ ಎಂದಷ್ಟೇ ಹೇಳಿದರೆ ಕೊಲರಾಡೊದ ಉತ್ತರವೇ ನಿಮಗೂ ಸಿಗಬಹುದು. ಕಂಡದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚು ಹೇಳಬೇಡಿ. ಒಹಾಯೊದ ಹುಡುಗ ಸತ್ತದ್ದು ಅಂಥ ಒಂದು ಕರೆಯ ನಂತರವೇ. ಅವರ ಹತ್ತಿರ ಹೋಗಿ ವಾದಕ್ಕಂತೂ ಇಳಿಯಬೇಡಿ.

ಅಪಾಯ ಕಾಣದಿದ್ದರೆ ಮ್ಯಾನೇಜರ್ ಬಳಿ ಹೋಗಿ. ಅಂಗಡಿ ಖಾಸಗಿ ಜಾಗ. ಹೊರಗೆ ಹೋಗಿ ಎಂದ ಮೇಲೂ ಬಂದೂಕು ಹಿಡಿದವರು ನಿಂತರೆ ಅದು ಅತಿಕ್ರಮ ಪ್ರವೇಶ. ‘ಇಂಥದ್ದು ಇದ್ದರೆ ನಾವು ಇಲ್ಲಿಗೆ ಬರುವುದಿಲ್ಲ’ ಎಂದು ಹೇಳಿ, ಕಂಪನಿಗೂ ಬರೆಯಿರಿ. ಇದು ನಡೆಯುವ ದಾರಿ. 2014ರಲ್ಲಿ ಚಿಪೋಟ್ಲೆ ಎಂಬ ಹೋಟೆಲು ಸರಣಿ, ಟಾರ್ಗೆಟ್ ಎಂಬ ಅಂಗಡಿ ಸರಣಿ ಎರಡೂ ಬಂದೂಕು ತರಬೇಡಿ ಎಂದು ಗ್ರಾಹಕರನ್ನು ಕೇಳಿಕೊಂಡದ್ದರ ಹಿಂದೆ ತಾಯಂದಿರ ಅಭಿಯಾನವಿತ್ತು. 2019ರ ಆಗಸ್ಟ್‌ನಲ್ಲಿ ಎಲ್ ಪಾಸೊ ವಾಲ್‌ಮಾರ್ಟ್ ಹತ್ಯಾಕಾಂಡದಲ್ಲಿ 23 ಜನ ಸತ್ತರು. ಐದೇ ದಿನಕ್ಕೆ ಮಿಸೌರಿಯ ಇನ್ನೊಂದು ವಾಲ್‌ಮಾರ್ಟ್‌ಗೆ ಯುವಕನೊಬ್ಬ ತನ್ನ ಹಕ್ಕನ್ನು ಪರೀಕ್ಷಿಸುತ್ತೇನೆಂದು ರೈಫಲ್, ಗುಂಡುನಿರೋಧಕ ಅಂಗಿ ಸಮೇತ ಬಂದ. ಮುಂದಿನ ತಿಂಗಳು ಆ ಕಂಪನಿಯೂ ಇದೇ ಮನವಿ ಮಾಡಿತು. ಇದನ್ನೆಲ್ಲ ಕೇಳಲು ಪೌರತ್ವ ಬೇಕಿಲ್ಲ. ಅಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಓದಿಸುತ್ತಿರುವ ನೀವು ಹೊರಗಿನವರಲ್ಲ ಎಂದು ನಿಮ್ಮ ಯಜಮಾನರಿಗೆ ಹೇಳಿ.

ಪ್ರಶ್ನೆ: ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆಯೇ ಮನೆಮನೆಯಲ್ಲೂ ಕೋವಿ ಇದೆ. ನಮ್ಮಲ್ಲಿ ಯಾರಿಗೂ ತೊಂದರೆಯಾಗಿಲ್ಲ. ಅಮೆರಿಕದವರನ್ನು ಮಾತ್ರ ಏಕೆ ದೂರಬೇಕು?
– ಓದುಗರೊಬ್ಬರು, ಕೊಡಗು

ಉತ್ತರ: ಕೋವಿಯ ಬಗ್ಗೆ ನಿಮಗಿರುವ ಗೌರವ ಅರ್ಥವಾಗುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವಾಗ, ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು ಗುಂಡು ಹಾರಿಸುವಾಗ ಅಲ್ಲಿರುವವರೆಲ್ಲ ಮನೆಯವರು, ಒಕ್ಕದವರು (ಕುಲದವರು), ನೆರೆಯವರು. ಯಾರ ಕೈಯಲ್ಲಿ ಕೋವಿಯಿದೆ, ಏಕೆ ಇದೆ ಎಂದು ಎಲ್ಲರಿಗೂ ಗೊತ್ತು. ಪ್ಲೇನೊದ ಪಾರ್ಕಿಂಗ್ ಜಾಗದಲ್ಲಿ ಆ ತಿಳಿವಳಿಕೆಯೇ ಇಲ್ಲ. ನಿಮ್ಮ ವಿನಾಯಿತಿ ಲೈಸೆನ್ಸ್‌ಗೆ ಸಂಬಂಧಪಟ್ಟದ್ದು, ಮಡಿಕೇರಿ ಪೇಟೆಯಲ್ಲಿ ತೋರಿಸಿಕೊಂಡು ತಿರುಗುವುದಕ್ಕಲ್ಲ. ಸಾರ್ವಜನಿಕ ಜಾಗದಲ್ಲಿ ಬಂದೂಕನ್ನು ಮುಚ್ಚಿ ಒಯ್ಯಬೇಕು, ಝಳಪಿಸಬಾರದು ಎಂಬುದು ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳ ಆಶಯ. ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಹ್ಯೂಸ್ಟನ್‌ನಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರು ತಮ್ಮ ರ‍್ಯಾಂಚ್‌ಗೆ ಕರೆದಿದ್ದಾರೆ. ಅಲ್ಲಿ ಅವರ ರೈಫಲ್ ಹೆಗಲಿಗೆ ಹಾಕಿಕೊಂಡು ಓಡಾಡಿ, ಎರಡು ಗುಂಡು ಹಾರಿಸಿ, ಫೋಟೊ ತೆಗೆಸಿಕೊಳ್ಳಬಹುದೆ?
– ಓದುಗರೊಬ್ಬರು, ಟೆಕ್ಸಸ್

ಉತ್ತರ: ಬೇಡ. ಟೆಕ್ಸಸ್ ಕಾನೂನು ಎಷ್ಟೇ ಸಡಿಲವಿದ್ದರೂ ನಿಮ್ಮ ಮೇಲೆ ಫೆಡರಲ್ ಕಾನೂನು ಇದೆ. ಎಚ್-1ಬಿ, ಎಚ್-4, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬಂದೂಕು ನಿಮ್ಮದೇ ಆಗಿರಬೇಕೆಂದಿಲ್ಲ, ಸ್ವಲ್ಪ ಹೊತ್ತು ಕೈಗೆ ಬಂದರೂ ಸಾಕು. ಶಿಕ್ಷೆ 15 ವರ್ಷದವರೆಗೆ ಇರಬಹುದು. ಅದರ ಹಿಂದೆಯೇ ಗಡೀಪಾರು. ಫ್ಲೋರಿಡಾದಲ್ಲಿ ವಿದ್ಯಾರ್ಥಿ ವೀಸಾ ಕಳೆದುಕೊಂಡಿದ್ದ ವಿದೇಶಿ ಯುವಕನೊಬ್ಬ ಶೂಟಿಂಗ್ ರೇಂಜ್‌ನಲ್ಲಿ ಗುಂಡು ಹಾರಿಸಿ ಬಂದದ್ದೇ ದೊಡ್ಡ ಕೇಸಾಗಿ, 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಒಂದು ವಿನಾಯಿತಿ ಇದೆ: ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ಅದನ್ನು ಪಡೆಯುವ ಮೊದಲು ವಲಸೆ ವಕೀಲರೊಬ್ಬರ ಹತ್ತಿರ ನಿಮ್ಮ ವೀಸಾ ಕಾಗದಗಳನ್ನು ತೋರಿಸಿ ಮಾತಾಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಬಂದೂಕು ಕೊಳ್ಳಬಹುದು, ಆದರೆ ಬಂದೂಕಿನ ಅಪರಾಧಕ್ಕೆ ಗ್ರೀನ್ ಕಾರ್ಡ್‌ದಾರರನ್ನೂ ಗಡೀಪಾರು ಮಾಡಬಹುದು. ರ‍್ಯಾಂಚ್‌ಗೆ ಹೋಗಿ ಬನ್ನಿ, ರೈಫಲ್ ಸಹೋದ್ಯೋಗಿಯ ಕೈಯಲ್ಲೇ ಇರಲಿ.