ಸ್ವಿಂಡನ್‌ನವರು ಕಟ್ಟಿದ್ದಾರೆ, ನಾವು ಕಟ್ಟಬಹುದಾ? ಕಾಟ್ಸ್‌ವೋಲ್ಡ್ ಮನೆಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಕಾಟ್ಸ್‌ವೋಲ್ಡ್ ಜಿಲ್ಲೆಯಲ್ಲಿ ಮನೆ ಕೊಂಡಿರುವ ಕನ್ನಡಿಗರಿಂದ ಈ ಸಲ ಜಾಸ್ತಿ ಪತ್ರ ಬಂದಿವೆ. ಹೆಚ್ಚಿನ ಪತ್ರಗಳಲ್ಲಿ ಒಂದು ಮಾತು ಇದ್ದೇ ಇದೆ: "ಪಕ್ಕದವರು ಕಟ್ಟಿದ್ದಾರಲ್ಲ." ಈ ಜಿಲ್ಲೆಯಲ್ಲಿ ಆ ಮಾತು ನಡೆಯಲ್ಲ. ನಿಮ್ಮ ಮನೆಯ ಜಾತಕ ಬೇರೆ, ಪಕ್ಕದ ಮನೆಯ ಜಾತಕ ಬೇರೆ. ಮನೆ ಯಾವ ವರ್ಷದ್ದು, ಯಾವ ರಕ್ಷಿತ ಪ್ರದೇಶದ ಗೆರೆಯೊಳಗೆ ಬರುತ್ತದೆ, ಈಗಾಗಲೇ ಅದಕ್ಕೆ ಏನೇನು ಸೇರಿಸಿದ್ದಾರೆ, ಹಳೆಯ ಅನುಮತಿಯಲ್ಲಿ ಏನು ಷರತ್ತು ಹಾಕಿದ್ದಾರೆ, ಇವು ಗೊತ್ತಾಗುವ ತನಕ ನಾನು ಪೆನ್ಸಿಲ್ ಮುಟ್ಟಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಬೋರ್ಟನ್-ಆನ್-ದ-ವಾಟರ್ ಹತ್ತಿರದ ಹಳ್ಳಿಯಲ್ಲಿ 1970ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡಿದೆ. ಊರಿಂದ ಅಪ್ಪ ಅಮ್ಮ ಬಂದರೆ ಆರು ತಿಂಗಳು ಇರುತ್ತಾರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಕೆಳಗೇ ಒಂದು ರೂಮು, ಬಾತ್‌ರೂಮು ಬೇಕು. ಸ್ವಿಂಡನ್‌ನ ಗೆಳೆಯರೊಬ್ಬರು ಇಂಥದೇ ಮನೆಯನ್ನು ಪ್ಲಾನಿಂಗ್ ಪರ್ಮಿಷನ್ ಇಲ್ಲದೆ 6 ಮೀಟರ್ ಹಿಂದಕ್ಕೆ ಬೆಳೆಸಿದರು. ನಮ್ಮ ಬಿಲ್ಡರ್ ಮಾತ್ರ ಇಲ್ಲಿ ಆಗಲ್ಲ ಅಂತಾರೆ. ಒಂದೇ ದೇಶದಲ್ಲಿ ಎರಡು ಕಾನೂನಾ?

ಉತ್ತರ: ಕಾನೂನು ಒಂದೇ. ಆದರೆ ಜಾಗ ನೋಡಿ ಅದು ಬಿಗಿಯಾಗುತ್ತದೆ. ನಿಮ್ಮ ಬಿಲ್ಡರ್ ಸರಿಯಾಗಿಯೇ ಹೇಳಿದ್ದಾರೆ.

ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಎಕ್ಸ್‌ಟೆನ್ಷನ್‌ಗೆ ಪ್ರತಿ ಸಲ ಅರ್ಜಿ ಹಾಕಬೇಕಿಲ್ಲ. 'ಪರ್ಮಿಟೆಡ್ ಡೆವಲಪ್‌ಮೆಂಟ್' ಅನ್ನುವ ಹಕ್ಕಿನಡಿ ಕೆಲವು ಅಳತೆಗಳೊಳಗೆ ಸುಮ್ನೆ ಕಟ್ಟಿಕೊಳ್ಳಬಹುದು. ಈಗ ನಡೆಯುತ್ತಿರುವುದು 2015ರ ಆದೇಶ. ಅದರ ಪ್ರಕಾರ ಒಂದೇ ಅಂತಸ್ತಿನ ಹಿಂಬದಿ ಎಕ್ಸ್‌ಟೆನ್ಷನ್ ಯಾವ ಮನೆಗೂ ಅಂಟದ ಡಿಟ್ಯಾಚ್ಡ್ ಮನೆಗೆ 4 ಮೀಟರ್, ಉಳಿದ ಮನೆಗಳಿಗೆ 3 ಮೀಟರ್. ಅಕ್ಕಪಕ್ಕದವರಿಗೆ ತಿಳಿಸಿ ಕೌನ್ಸಿಲ್‌ನ ಒಪ್ಪಿಗೆ ಪಡೆದರೆ ಇದು 8 ಮತ್ತು 6 ಮೀಟರ್‌ಗೆ ಏರುತ್ತದೆ. ನಿಮ್ಮ ಗೆಳೆಯರು ಹಿಡಿದದ್ದು ಆ 6 ಮೀಟರ್ ದಾರಿ ಇರಬೇಕು.

ಆ ದಾರಿ ನಿಮಗಿಲ್ಲ. ಕಾಟ್ಸ್‌ವೋಲ್ಡ್ ಜಿಲ್ಲೆಯ ಸುಮಾರು 80% ನೆಲ ಕಾಟ್ಸ್‌ವೋಲ್ಡ್ಸ್ ನ್ಯಾಷನಲ್ ಲ್ಯಾಂಡ್‌ಸ್ಕೇಪ್ ಅನ್ನುವ, ನಿಸರ್ಗದ ಚೆಲುವಿಗಾಗಿ ಕಾನೂನು ಕಾಪಾಡುವ ಪ್ರದೇಶದ ಒಳಗಿದೆ. 1966ರಲ್ಲಿ ಗುರುತಿಸಿದ ಈ ಪ್ರದೇಶಕ್ಕೆ 2023ರ ನವೆಂಬರ್ ತನಕ ಎ.ಒ.ಎನ್.ಬಿ. (ಏರಿಯಾ ಆಫ್ ಔಟ್‌ಸ್ಟ್ಯಾಂಡಿಂಗ್ ನ್ಯಾಚುರಲ್ ಬ್ಯೂಟಿ) ಅನ್ನುವ ಹೆಸರಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಬೋರ್ಟನ್ ಸುತ್ತಲಿನ ಹಳ್ಳಿಗಳು ಇದರ ನಡುವೆಯೇ ಇವೆ. ಫೇರ್‌ಫರ್ಡ್, ಲೆಚ್ಲೇಡ್ ಕಡೆಯವರು ಈ ಗೆರೆಯ ಹೊರಗೆ. ಹಾಗಂತ ಅವರೂ ನಿರಾಳ ಆಗುವಂತಿಲ್ಲ. ಜಿಲ್ಲೆಯಲ್ಲಿ ಹಳೆಯ ಕಟ್ಟಡ, ಬೀದಿಗಳ ಚಹರೆ ಕಾಪಾಡಲು ಗುರುತಿಸಿದ 140ಕ್ಕೂ ಹೆಚ್ಚು ಕನ್ಸರ್ವೇಷನ್ ಏರಿಯಾಗಳಿವೆ, ಮನೆ ಕಟ್ಟುವ ಈ ಹಕ್ಕಿನ ಮಟ್ಟಿಗೆ ಅಲ್ಲೂ ಹೆಚ್ಚುಕಡಿಮೆ ಇದೇ ಬಿಗಿ.

ಈ ಗೆರೆಯೊಳಗೆ ಮನೆಯ ಪಕ್ಕಕ್ಕೆ ಏನು ಸೇರಿಸಬೇಕಾದರೂ ಅರ್ಜಿ ಹಾಕಬೇಕು. ಹಿಂದಕ್ಕೆ ಎರಡು ಅಂತಸ್ತು ಕಟ್ಟುವುದಕ್ಕೂ, ಮಾಡನ್ನು ಎತ್ತರಿಸಿ ಡಾರ್ಮರ್ ಕಿಟಕಿ ಕೂರಿಸುವುದಕ್ಕೂ ಅರ್ಜಿ. ಹೊರಗೋಡೆಗೆ ಕಲ್ಲು, ಗಾರೆ, ಮರದ ಹಲಗೆ ಹೊದಿಸಬೇಕಾದರೂ ಅಷ್ಟೇ. ಮಾಡಿನ ಇಳಿಜಾರಿನಲ್ಲೇ ಕೂರುವ ರೂಫ್‌ಲೈಟ್‌ಗೆ ಮಾತ್ರ ಸಾಮಾನ್ಯವಾಗಿ ಅಡ್ಡಿಯಿಲ್ಲ, ಅದು ಮಾಡಿನಿಂದ 150 ಮಿಲಿಮೀಟರ್‌ಗಿಂತ ಜಾಸ್ತಿ ಎದ್ದಿರಬಾರದು.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗವಿದೆ. ಹಳೆಯ ಕಾಟೇಜ್‌ಗಳಿಗೆ ಹಿಂದೆ ಒಂದು ಚಾಚು ಇರುತ್ತದೆ. ಮೇಲಿಂದ ನೋಡಿದರೆ ಮನೆ ಇಂಗ್ಲಿಷ್ 'ಎಲ್' ಅಕ್ಷರದ ಹಾಗೆ ಕಾಣುತ್ತದೆ. ಆ ಮೂಲೆಯ ಖಾಲಿ ಜಾಗಕ್ಕೆ ಗಾಜಿನ ಮಾಡು ಹಾಕಿ ಅಡುಗೆಮನೆ ದೊಡ್ಡದು ಮಾಡೋಣ, ಹಿಂದೆ ತಾನೇ ಅಂದುಕೊಳ್ಳುತ್ತಾರೆ. ಆದರೆ ಮೂಲ ಮನೆಗೇ ಸೇರಿದ ಚಾಚಾದರೆ, ಅದರ ಪಕ್ಕದ ಗೋಡೆಯೂ ಕಾನೂನಿನ ಕಣ್ಣಲ್ಲಿ ಮನೆಯ ಪಕ್ಕದ ಗೋಡೆಯೇ. ಅದರಾಚೆ ಕಟ್ಟಿದರೆ ಪಕ್ಕಕ್ಕೆ ಕಟ್ಟಿದ ಲೆಕ್ಕ, ಅರ್ಜಿ ಬೇಕು. ನಿಮ್ಮ ಮನೆಯ ಹಿಂಬದಿ ನೇರವಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ವಿಷಯ. 3 ಮೀಟರ್ ಅಳೆಯುವುದು ಮೂಲ ಮನೆಯ ಹಿಂಗೋಡೆಯಿಂದ. ಮೂಲ ಮನೆ ಅಂದರೆ 1948ರ ಜುಲೈ 1ರಂದು ಹೇಗಿತ್ತೋ ಹಾಗೆ. ಅದಾದ ಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ಹಾಗೆ. ನಿಮಗಿಂತ ಮುಂಚೆ ಇದ್ದವರು 2 ಮೀಟರ್ ಬೆಳೆಸಿದ್ದರೆ ನಿಮಗೆ ಉಳಿಯುವುದು ಒಂದೇ ಮೀಟರ್.

ಈಗ ಅಮ್ಮನ ರೂಮಿನ ವಿಷಯ. ಹಿಂಬದಿ ನೇರವಾಗಿದ್ದು, ಮನೆ 6 ಮೀಟರ್ ಅಗಲ ಇದೆ ಅಂದುಕೊಳ್ಳೋಣ. 3 ಮೀಟರ್ ಹಿಂದಕ್ಕೆ ತೆಗೆದುಕೊಂಡರೆ, ಗೋಡೆಯ ದಪ್ಪ ಕಳೆದು ಸುಮಾರು 14 ಚದರ ಮೀಟರ್ ಸಿಗುತ್ತದೆ. ಒಂದು ಮಂಚ, ಒಂದು ಕುರ್ಚಿ, ಮೆಟ್ಟಿಲಿಲ್ಲದ ಶವರ್, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇಷ್ಟಕ್ಕೆ ಧಾರಾಳ. ಹಿತ್ತಿಲ ಕಡೆ ಒಂದು ದೊಡ್ಡ ಕಿಟಕಿ ಇಡಿ, ಆರು ತಿಂಗಳು ಒಳಗೇ ಕೂರುವವರಿಗೆ ಬೆಳಕು ಬೇಕು. ಎತ್ತರ 4 ಮೀಟರ್ ದಾಟಬಾರದು. ಬೇಲಿಗೆ 2 ಮೀಟರ್‌ಗಿಂತ ಹತ್ತಿರ ಬಂದರೆ ಸೂರಿನ ಅಂಚು 3 ಮೀಟರ್‌ಗಿಂತ ಮೇಲಿರಬಾರದು. ಕಲ್ಲು, ಹಂಚು ಈಗಿನ ಮನೆಗೆ ಹೊಂದಬೇಕು. ಇಷ್ಟರೊಳಗೆ ಕಟ್ಟುವುದಾದರೆ ಅರ್ಜಿ ಬೇಕಿಲ್ಲ. ಆದರೂ ಕಟ್ಟುವುದು ಕಾನೂನುಬದ್ಧ ಅಂತ ಕೌನ್ಸಿಲ್ ಬರೆದುಕೊಡುವ 'ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್' ಮಾಡಿಸಿಕೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು. ಕಟ್ಟಡದ ಗಟ್ಟಿತನ, ಸುರಕ್ಷತೆ ನೋಡುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಒಪ್ಪಿಗೆ ಬೇರೆ, ಅದು ಹೇಗೂ ಬೇಕು. ಸೆಮಿ ಆಗಿರುವುದರಿಂದ ಪಕ್ಕದ ಮನೆಯವರಿಗೆ ಪಾರ್ಟಿ ವಾಲ್ (ಇಬ್ಬರಿಗೂ ಸೇರಿದ ಗೋಡೆಯ) ನೋಟಿಸ್ ಕೂಡ ಕೊಡಬೇಕಾಗಬಹುದು. ನೋಟಿಸ್ ಕಳಿಸುವ ಮುಂಚೆ ಅವರ ಮನೆಗೆ ಹೋಗಿ ಒಂದು ಕಪ್ ಟೀ ಕುಡಿದು, ನಕ್ಷೆ ತೋರಿಸಿ ಬನ್ನಿ.

ಇದು ಸಾಲದು, ಪಕ್ಕಕ್ಕೂ ಬೇಕು ಅಂದರೆ ಅರ್ಜಿ ಹಾಕಿ. ಆಗಲ್ಲ ಅಂತ ಯಾರೂ ಹೇಳಿಲ್ಲ, ಕೇಳಿ ಕಟ್ಟಿ ಅಂತಷ್ಟೇ ಹೇಳಿದ್ದಾರೆ. 2025ರ ಏಪ್ರಿಲ್‌ನಲ್ಲಿ ಈ ಅರ್ಜಿಯ ಶುಲ್ಕ 258ರಿಂದ 528 ಪೌಂಡ್‌ಗೆ ಏರಿತು. ಅಂದಿನ ದರದಲ್ಲಿ ಮೇಲೆ ಹೇಳಿದ ಸರ್ಟಿಫಿಕೇಟ್‌ಗೆ ಅದರ ಅರ್ಧ. ತೀರ್ಮಾನಕ್ಕೆ 8 ವಾರ. ಹಳ್ಳಿ ಮಟ್ಟದ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ತೀರ್ಮಾನ ಜಿಲ್ಲಾ ಕೌನ್ಸಿಲ್‌ನದು.

ಅವರು ನೋಡುವುದು ಏನನ್ನು? ಅದು ಅರ್ಥವಾಗಬೇಕಾದರೆ ಇಲ್ಲಿನ ಹಳೆಯ ಮನೆಯ ಮಾಡನ್ನು ಒಮ್ಮೆ ನಿಂತು ನೋಡಿ. ಮಲೆನಾಡಿನ ಹಂಚಿನ ಮನೆ ನೋಡಿ ಬೆಳೆದ ನನಗೆ ಮೊದಲ ಸಲ ಅದನ್ನು ಹತ್ತಿರದಿಂದ ಕಂಡಾಗ ಮೈ ಜುಮ್ಮೆಂದಿತ್ತು. ಹಂಚಿನ ಬದಲು ಸುಣ್ಣಕಲ್ಲಿನ ಚಪ್ಪಡಿಗಳು. ಸೂರಿನ ಅಂಚಿನಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡವು. ಮೇಲೆ ಹೋದ ಹಾಗೆ ಸಾಲು ಸಾಲಿಗೂ ಚಿಕ್ಕದಾಗುತ್ತಾ, ನೆತ್ತಿಯ ಹತ್ತಿರ ಅಂಗೈ ಅಗಲದವು. ಭಾರ ಕೆಳಗೆ ಗೋಡೆಯ ಮೇಲೆ ಕೂರಲಿ, ನೀರು ಬೇಗ ಜಾರಲಿ ಅಂತ 50 ಡಿಗ್ರಿ ಆಸುಪಾಸಿನ ಕಡಿದಾದ ಇಳಿಜಾರು. ಇಂಥ ಮಾಡಿನ ಪಕ್ಕದಲ್ಲಿ ಚಪ್ಪಟೆ ಮಾಡಿನ ದೊಡ್ಡ ಡಬ್ಬಿ ಎದ್ದರೆ ಕಣ್ಣಿಗೆ ರಾಚುತ್ತದೆ, ಅಲ್ವಾ?

ಕೌನ್ಸಿಲ್‌ನ 2018ರ ಲೋಕಲ್ ಪ್ಲಾನ್ ಜೊತೆಗಿರುವ ಕಾಟ್ಸ್‌ವೋಲ್ಡ್ ಡಿಸೈನ್ ಕೋಡ್ ಹೇಳುವುದರ ತಿರುಳೂ ಇದೇ. ಹೊಸ ಭಾಗ ಹಳೆಯ ಮನೆಗೆ ತಗ್ಗಿ ನಡೆಯಬೇಕು. ನಿಮ್ಮದು 70ರ ದಶಕದ ಮನೆಯಾದರೂ ಇದು ಅನ್ವಯಿಸುತ್ತದೆ. ನೆತ್ತಿ ಒಂದಿಷ್ಟು ಕೆಳಗಿರಲಿ, ಮುಂಗೋಡೆ ಒಂದಿಷ್ಟು ಹಿಂದೆ ಸರಿದಿರಲಿ. ನಕ್ಷೆಯಲ್ಲಿ ಇಷ್ಟು ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ಗ್ರೇಡ್ 2 ಲಿಸ್ಟೆಡ್ ಕಾಟೇಜ್ ಕೊಂಡಿದ್ದೇವೆ. ಹೊರಗಡೆ ಏನೂ ಮುಟ್ಟಲ್ಲ. ಅಡುಗೆಮನೆ, ಊಟದ ಮನೆ ನಡುವಿನ ಗೋಡೆ ತೆಗೆದು, ಒಗ್ಗರಣೆ ಘಾಟು ಹೋಗಲು ಒಂದು ಎಕ್ಸ್‌ಟ್ರಾಕ್ಟರ್ ಹಾಕಿದರೆ ಸಾಕು. ಒಳಗಿನ ಕೆಲಸಕ್ಕೂ ಅನುಮತಿ ಬೇಕಾ?

ಉತ್ತರ: ಬೇಕು. ದಯವಿಟ್ಟು ಸುತ್ತಿಗೆ ಕೆಳಗಿಡಿ.

ಲಿಸ್ಟೆಡ್ ಅಂದರೆ ಕಾಪಾಡಬೇಕಾದ ಹಳೆಯ ಕಟ್ಟಡಗಳ ಪಟ್ಟಿಗೆ ಸೇರಿದ್ದು, ಮುಂಭಾಗ ಮಾತ್ರ ಅಲ್ಲ. ಒಳಗಿನ ಗೋಡೆ, ಮೆಟ್ಟಿಲು, ಬಾಗಿಲು, ಒಲೆಯ ಗೂಡು ಎಲ್ಲವೂ ಸೇರಿ. ಹಿತ್ತಿಲಲ್ಲಿ 1948ಕ್ಕಿಂತ ಹಳೆಯ ಕೊಟ್ಟಿಗೆ, ಕಲ್ಲಿನ ಕಾಂಪೌಂಡ್ ಗೋಡೆ ಇದ್ದರೆ ಅವೂ ಸೇರಬಹುದು. ಅನುಮತಿಯಿಲ್ಲದೆ ಕಟ್ಟಡದ ಗುಣಕ್ಕೆ ಧಕ್ಕೆ ತರುವ ಕೆಲಸ ಮಾಡಿದರೆ 1990ರ ಕಾಯ್ದೆಯಡಿ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ ಎರಡಕ್ಕೂ ದಾರಿಯಿದೆ. 'ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್' ಅರ್ಜಿಗೆ ಶುಲ್ಕವಿಲ್ಲ. ಹಾಗಿರುವಾಗ ಯಾಕೆ ಆತಂಕ ಕಟ್ಟಿಕೊಳ್ಳಬೇಕು?

ನಿಮ್ಮ ಗೋಡೆ ಮೂಲದ್ದಾ, ಆಮೇಲೆ ಎಬ್ಬಿಸಿದ್ದಾ ಅನ್ನುವುದೇ ಮುಖ್ಯ. ಗಾರೆ ಕಳಚಿದ ಒಂದು ಮೂಲೆ ಸಿಕ್ಕರೆ ನೋಡಿ. ಸುಣ್ಣದ ಗಾರೆಯಲ್ಲಿ ಕೂರಿಸಿದ ಒರಟು ಕಲ್ಲು ಕಂಡರೆ ಅದು ಬಹುಶಃ ಮನೆಯಷ್ಟೇ ಹಳೆಯದು. ಅದನ್ನು ಪೂರ್ತಿ ಕೆಡವಲು ಬಿಡುವುದು ಕಷ್ಟ. ಎರಡೂ ಬದಿ ಗೋಡೆಯ ತುಂಡು ಉಳಿಸಿ, ನಡುವೆ ಒಂದು ಬಾಗಿಲಷ್ಟು ತೆರೆಯುವ ನಕ್ಷೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಜಾಸ್ತಿ. ಇಟ್ಟಿಗೆ ಇಲ್ಲವೇ ಪ್ಲಾಸ್ಟರ್‌ಬೋರ್ಡ್ ಗೋಡೆಯಾದರೆ ಮಾತು ಬೇರೆ.

ಒಗ್ಗರಣೆ ವಿಷಯದಲ್ಲಿ ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಣಮೆಣಸಿನಕಾಯಿ ಸಿಡಿದರೆ ಈ ತಗ್ಗು ಚಾವಣಿಯ ಮನೆಗಳಲ್ಲಿ ಮಹಡಿಯ ತನಕ ಕೆಮ್ಮು. ಹೊಸ ತೂತು ಕೊರೆಯುವ ಮುಂಚೆ ಬಳಸದೆ ಬಿಟ್ಟ ಹಳೆಯ ಚಿಮಣಿ ಇದೆಯಾ ನೋಡಿ. ಅದರೊಳಗೆ ಕೊಳವೆ ಇಳಿಸಿದರೆ ಗೋಡೆಗೆ ಗಾಯವಾಗಲ್ಲ. ಇದಕ್ಕೂ ಒಂದು ಮಾತು ಕೌನ್ಸಿಲ್‌ನ ಕನ್ಸರ್ವೇಷನ್ ಆಫೀಸರ್ ಬಳಿ ಕೇಳಿ. ಇನ್ನು ಆ ಅಡುಗೆಮನೆಗೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಮಾಡೋಣ ಅಂದರೆ ಬೇಡ ಅನ್ನಿ. ಈ ಕಲ್ಲಿನ ಗೋಡೆಗಳು ಸುಣ್ಣದ ಮೂಲಕ ತೇವ ಬಿಟ್ಟುಕೊಡುತ್ತವೆ. ಸಿಮೆಂಟ್ ಬಡಿದರೆ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ನಾರ್ತ್‌ಲೀಚ್ ಬಳಿ ಕಣಜವನ್ನು ಮನೆ ಮಾಡಿದ ಬಾರ್ನ್ ಕನ್ವರ್ಷನ್‌ನಲ್ಲಿದ್ದೇವೆ. ತೋಟದ ತುದಿಯಲ್ಲಿ, ಮನೆಯಿಂದ 30 ಮೀಟರ್ ದೂರ, ಒಂದು ಮರದ ಕ್ಯಾಬಿನ್ ಹಾಕಬೇಕು. ಹಗಲು ಆಫೀಸು, ನೆಂಟರು ಬಂದರೆ ಮಲಗಲು.

ಉತ್ತರ: ಮೂರು ಕಡೆ ಸಿಕ್ಕಿಕೊಳ್ಳುತ್ತದೆ. ಬಾರ್ನ್ ಕನ್ವರ್ಷನ್‌ಗೆ ಅನುಮತಿ ಕೊಡುವಾಗ ಪರ್ಮಿಟೆಡ್ ಡೆವಲಪ್‌ಮೆಂಟ್ ಹಕ್ಕನ್ನೇ ಷರತ್ತು ಹಾಕಿ ತೆಗೆದುಬಿಡುವುದು ತುಂಬಾ ಸಾಮಾನ್ಯ. ಆ ಹಳೆಯ ಅನುಮತಿ ಪತ್ರ ಕೌನ್ಸಿಲ್ ವೆಬ್‌ಸೈಟಿನಲ್ಲಿ ಸಿಗಬಹುದು, ಕೊನೆಯ ಪುಟದ ತನಕ ಓದಿ. ಹಕ್ಕು ಉಳಿದಿದ್ದರೂ, ನ್ಯಾಷನಲ್ ಲ್ಯಾಂಡ್‌ಸ್ಕೇಪ್‌ನಲ್ಲಿ ಮನೆಯಿಂದ 20 ಮೀಟರ್ ಆಚೆಗೆ ಇರುವ ಎಲ್ಲ ಶೆಡ್ಡು, ಕ್ಯಾಬಿನ್ ಸೇರಿ 10 ಚದರ ಮೀಟರ್ ಮೀರುವಂತಿಲ್ಲ. ಮನೆಗೆ ಹತ್ತಿರ ತಂದರೆ ದೊಡ್ಡದು ಮಾಡಬಹುದು, ಆದರೆ ಮನೆಯ ಪಕ್ಕದಲ್ಲಿ ಬೇಡ, ಹಿಂದೆಯೇ ಇರಲಿ. ಇನ್ನು ಮಲಗುವ ಕೋಣೆ ಈ ಹಕ್ಕಿನಲ್ಲಿ ಬರುವುದಿಲ್ಲ. ನೆಂಟರಿಗಾಗಿಯೇ ಬೇಕಾದರೆ ಅರ್ಜಿ ಹಾಕಿ.

ಪ್ರಶ್ನೆ: ಮಾಡು ಬಿಚ್ಚಿ ಅಟ್ಟವನ್ನು ರೂಮು ಮಾಡಲು ನವೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಬಿಲ್ಡರ್ ಮಾರ್ಚ್‌ಗೆ ಬರುತ್ತೇನೆ ಅಂತಾರೆ. ಕೌನ್ಸಿಲ್ ಬಾವಲಿ ಸರ್ವೆ ಕೇಳಿದೆ. ನಾವು ಒಂದು ಬಾವಲಿಯನ್ನೂ ನೋಡಿಲ್ಲ.

ಉತ್ತರ: ನೀವು ನೋಡಿಲ್ಲದಿರಬಹುದು, ಆದರೂ ಬಾವಲಿ ಅಲ್ಲಿ ಇರಬಹುದು. ಕಲ್ಲಿನ ಚಪ್ಪಡಿಗಳ ನಡುವಿನ ಬೆರಳಗಲದ ಸಂದು ಸಾಕು ಅವಕ್ಕೆ. ಬಾವಲಿಗೂ ಅದರ ಗೂಡಿಗೂ ಇಲ್ಲಿ ಕಾನೂನಿನ ರಕ್ಷಣೆಯಿದೆ. ಗೂಡು ಖಾಲಿಯಿದ್ದಾಗ ಕೆಡಿಸಿದರೂ ತಪ್ಪೇ.

ಮೊದಲ ಹಂತದಲ್ಲಿ ಪರಿಣತರು ಹಗಲು ಹೊತ್ತು ಬಂದು ಅಟ್ಟದಲ್ಲಿ ಹಿಕ್ಕೆ, ಗುರುತು ಹುಡುಕುತ್ತಾರೆ. ಅದನ್ನು ಯಾವ ತಿಂಗಳಲ್ಲಾದರೂ ಮಾಡಬಹುದು. ಇಂದೇ ಮಾಡಿಸಿ. ಅನುಮಾನ ಬಂದರೆ ಮುಸ್ಸಂಜೆಯಲ್ಲಿ ಕೂತು ಹೊರಬರುವ ಬಾವಲಿ ಎಣಿಸಬೇಕು, ಅದು ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಮಾತ್ರ. ಹಾಗಾದರೆ ಮಾರ್ಚ್ ಕೈಬಿಟ್ಟ ಹಾಗೆಯೇ. ಬಿಲ್ಡರ್‌ಗೆ ಈಗಲೇ ಹೇಳಿಬಿಡಿ, ಮುಂಗಡ ಕೊಡಬೇಡಿ. ಇದನ್ನು ಓದುತ್ತಿರುವ ಉಳಿದವರೂ ಮಾಡಿನ ಕೆಲಸವಿದ್ದರೆ ಹಗಲು ಸರ್ವೆಯನ್ನು ಚಳಿಗಾಲದಲ್ಲೇ ಮುಗಿಸಿಕೊಂಡಿರಿ.

ಪ್ರಶ್ನೆ: ಟೆಟ್ಬರಿಯಲ್ಲಿ ಮನೆ ಮಾರಲು ಹೊರಟಿದ್ದೇವೆ. ಹಿಂದಿನ ಮಾಲೀಕರು ಕಟ್ಟಿದ ಕನ್ಸರ್ವೇಟರಿಗೆ (ಗಾಜಿನ ಕೋಣೆಗೆ) ಯಾವ ಕಾಗದವೂ ಇಲ್ಲ. ಕೆಡವಬೇಕಾ?

ಉತ್ತರ: ಗಾಬರಿಯಾಗಬೇಡಿ. ಮೊದಲು ಅಳೆಯಿರಿ. 3 ಅಥವಾ 4 ಮೀಟರ್ ಮಿತಿಯೊಳಗೆ ಹಿಂದುಗಡೆಯೇ ಇದ್ದರೆ ಅದಕ್ಕೆ ಅನುಮತಿ ಬೇಕೇ ಇರಲಿಲ್ಲ ಅಂತಲೂ ಆಗಬಹುದು.

ಬೇಕಿತ್ತು ಅಂದರೆ ಕಟ್ಟಿ ಮುಗಿಸಿದ ದಿನ ಮುಖ್ಯ. 2024ರ ಏಪ್ರಿಲ್ 25ಕ್ಕಿಂತ ಮುಂಚೆ ಬಹುತೇಕ ಮುಗಿದಿದ್ದರೆ, ನಾಲ್ಕು ವರ್ಷ ಕಳೆದ ಮೇಲೆ ಕೌನ್ಸಿಲ್ ಕ್ರಮ ಕೈಗೊಳ್ಳುವಂತಿಲ್ಲ. ಅದಾದ ಮೇಲೆ ಮುಗಿದದ್ದಕ್ಕೆ ಹತ್ತು ವರ್ಷ. ಮನೆ ಲಿಸ್ಟೆಡ್ ಆಗಿದ್ದರೆ ಮಾತ್ರ ಕನ್ಸೆಂಟ್ ಇಲ್ಲದ ಕೆಲಸಕ್ಕೆ ವರ್ಷದ ಲೆಕ್ಕವೇ ಇಲ್ಲ, ಸರಿಪಡಿಸಿ ಅನ್ನುವ ನೋಟಿಸ್ ಈಗಿನ ಮಾಲೀಕರಿಗೇ ಬರುತ್ತದೆ. ಹಾಗಾಗಿ ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹಿಸ್ಟಾರಿಕ್ ಇಂಗ್ಲೆಂಡ್ ವೆಬ್‌ಸೈಟಿನಲ್ಲಿ ಪಟ್ಟಿಯನ್ನು ಪುಕ್ಕಟೆ ನೋಡಬಹುದು.

ಕೌನ್ಸಿಲ್‌ಗೆ ಫೋನ್ ಮಾಡುವ ಮುಂಚೆ ನಿಮ್ಮ ಸಾಲಿಸಿಟರ್ ಹತ್ತಿರ ಕೂತು ಮಾತಾಡಿ. ಇಂಥ ಕೊರತೆಯಿಂದ ಆಗುವ ನಷ್ಟ ತುಂಬುವ ಇಂಡೆಮ್ನಿಟಿ ಇನ್ಶೂರೆನ್ಸ್ ಸಿಗುತ್ತದೆ, ಆದರೆ ಒಮ್ಮೆ ಕೌನ್ಸಿಲ್‌ಗೆ ವಿಷಯ ಮುಟ್ಟಿಸಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಸರ್ಟಿಫಿಕೇಟ್ ದಾರಿಯೇ ಸರಿ ಅನ್ನಿಸಿದರೆ ಪುರಾವೆ ಕೂಡಿಸಿ. ಈಗಾಗಲೇ ಕಟ್ಟಿದ್ದಕ್ಕೆ ಶುಲ್ಕ ಅರ್ಧವಲ್ಲ, ಪೂರ್ತಿ. ನೀವು ಮನೆ ಕೊಂಡಾಗಿನ ಎಸ್ಟೇಟ್ ಏಜೆಂಟ್ ಕರಪತ್ರದಲ್ಲಿ ಆ ಕನ್ಸರ್ವೇಟರಿಯ ಫೋಟೋ ಇದ್ದೇ ಇರುತ್ತದೆ. ಗೂಗಲ್ ಸ್ಟ್ರೀಟ್ ವ್ಯೂ, ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು ನೋಡಿ. ಗಾಜು ಹಾಕಿದವರ ಬಿಲ್ಲು ಹಿಂದಿನ ಮಾಲೀಕರ ಬಳಿ ಇನ್ನೂ ಇದ್ದರೂ ಇರಬಹುದು, ಒಂದು ಪತ್ರ ಬರೆದು ಕೇಳಿ.