ಓದುಗರ ಪ್ರಶ್ನೆ, ನಮ್ಮ ಉತ್ತರ: ನದಿಗೆ ಏರಿ ಬರುವ ಶಾರ್ಕ್

ಬುಲ್ ಶಾರ್ಕ್ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಮೂರೂ ಪ್ರಶ್ನೆಗಳು ಅದನ್ನೇ ನೆಚ್ಚಿಕೊಂಡಿರುವುದರಿಂದ ಉದ್ದವಾಗದೆ ಬೇರೆ ದಾರಿಯಿರಲಿಲ್ಲ.

ಸಮುದ್ರದ ಮೀನನ್ನು ಸಿಹಿನೀರಿಗೆ ಬಿಟ್ಟರೆ ಸಾಯುತ್ತದೆ ಎಂದು ಪಠ್ಯದಲ್ಲಿದೆ. ಹಾಗಿದ್ದರೆ ಅಮೆಜಾನ್, ಮಿಸಿಸಿಪ್ಪಿ ನದಿಗಳಲ್ಲಿ ಬುಲ್ ಶಾರ್ಕ್ ಬದುಕುವುದು ಹೇಗೆ? ಅಲ್ಲಿಗೆ ಅದು ಬರುವುದಾದರೂ ಏಕೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ನಿಮ್ಮ ಪಠ್ಯ ಹೇಳುವುದು ಬಹುಪಾಲು ಶಾರ್ಕ್‌ಗಳ ಮಟ್ಟಿಗೆ ನಿಜ. ಕಾರಣವನ್ನು ಉಪ್ಪಿನಿಂದ ಆರಂಭಿಸೋಣ. ಮಾವಿನಮಿಡಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ನಿಂತಿರುತ್ತದೆ. ಸಮುದ್ರದಲ್ಲಿರುವ ಬಂಗುಡೆಯ ಮೈಯಿಂದಲೂ ಹೀಗೆಯೇ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಶಾರ್ಕ್‌ಗಳು ಹಿಡಿದ ದಾರಿ ಬೇರೆ. ನಾವು ಮೂತ್ರದಲ್ಲಿ ಕಳೆದುಬಿಡುವ ಯೂರಿಯಾವನ್ನು ಅವು ರಕ್ತದಲ್ಲಿಯೇ ಉಳಿಸಿಕೊಳ್ಳುತ್ತವೆ. ಇದರಿಂದ ಅವುಗಳ ರಕ್ತ ಸಮುದ್ರದ ನೀರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚೇ, ಸಾಂದ್ರವಾಗಿರುತ್ತದೆ. ಅಷ್ಟು ಯೂರಿಯಾ ಪ್ರೋಟೀನುಗಳನ್ನು ಕೆಡಿಸಬೇಕಿತ್ತು. ಹಾಗಾಗದಂತೆ ಟ್ರೈಮೀಥೈಲ್ ಅಮೀನ್ ಆಕ್ಸೈಡ್ ಎಂಬ ಇನ್ನೊಂದು ರಾಸಾಯನಿಕ ಕಾಯುತ್ತದೆ. ಕರಾವಳಿಯ ಅಡುಗೆಮನೆಗಳಲ್ಲಿ ಶಾರ್ಕ್ ಮಾಂಸವನ್ನು ಮತ್ತೆ ಮತ್ತೆ ತೊಳೆಯುವುದು ಈ ಯೂರಿಯಾದ ಕಾರಣದಿಂದಲೇ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮಾಂಸಕ್ಕೆ ಅದರ ಘಾಟು ಬರುತ್ತದೆ.

ಇನ್ನೊಂದು ಅಂಗವನ್ನು ನೀವು ತಿಳಿಯಲೇಬೇಕು. ಉಡುಪಿಯ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್‌ನ ಛೇದನ ಕಡ್ಡಾಯವಾಗಿತ್ತು. ಫಾರ್ಮಾಲಿನ್ ತೊಟ್ಟಿಯಿಂದ ತೆಗೆದ ಮೀನನ್ನು ಮೇಣದ ತಟ್ಟೆಯ ಮೇಲೆ ಪಿನ್ ಹೊಡೆದು ನಿಲ್ಲಿಸಿ, ಕರುಳಿನ ಕೊನೆಯವರೆಗೆ ಬಿಡಿಸುತ್ತಿದ್ದೆವು. ಅಲ್ಲಿ ಸಣ್ಣದೊಂದು ರೆಕ್ಟಲ್ ಗ್ರಂಥಿ ಇರುತ್ತದೆ. ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕದಲ್ಲಿ ಬಾಣ ಎಳೆದು ಹೆಸರು ಬರೆದು ಮುಂದೆ ಹೋಗುತ್ತಿದ್ದರು. ನಾನು ಅವರನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೆ. ರಕ್ತದಲ್ಲಿನ ಹೆಚ್ಚುವರಿ ಉಪ್ಪನ್ನು ಹೀರಿ ಕರುಳಿಗೆ ಸುರಿಯುವುದು ಈ ಗ್ರಂಥಿಯ ಕೆಲಸ. ಅದು ಗೊತ್ತಾದದ್ದು 1960ರಲ್ಲಿ, ಅಮೆರಿಕದಲ್ಲಿ ವೆಂಡೆಲ್ ಬರ್ಗರ್ ಮತ್ತು ಹೆಸ್ ನಡೆಸಿದ ಪ್ರಯೋಗಗಳಿಂದ. ಅಲ್ಲಿಯವರೆಗೆ ಪ್ರಪಂಚದ ಎಲ್ಲ ಪ್ರಯೋಗಾಲಯಗಳಲ್ಲೂ ಅದು ಬರಿಯ ಹೆಸರಾಗಿತ್ತು.

ಈಗ ಇಂಥ ದೇಹ ನದಿಗೆ ಬಂದರೆ ಏನಾಗಬೇಕು? ಒಳಗೆ ಸಾಂದ್ರವಾದ ರಕ್ತ, ಹೊರಗೆ ತಿಳಿನೀರು. ನೀರು ಎಡೆಬಿಡದೆ ಒಳಗೆ ನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಬೇರೆ ಬಹುಪಾಲು ಶಾರ್ಕ್‌ಗಳು ಇಲ್ಲಿ ಸೋಲುತ್ತವೆ. ಬುಲ್ ಶಾರ್ಕ್ ತನ್ನ ಒಡಲಿನ ವ್ಯವಸ್ಥೆಯನ್ನೇ ಬದಲಿಸಿಕೊಳ್ಳುತ್ತದೆ. ಯಕೃತ್ತು ಯೂರಿಯಾ ತಯಾರಿಕೆಯನ್ನು ತಗ್ಗಿಸುತ್ತದೆ. ರೆಕ್ಟಲ್ ಗ್ರಂಥಿಯ ಕೆಲಸ ಇಳಿಯುತ್ತದೆ. ಮೂತ್ರಪಿಂಡಗಳು ತೆಳುವಾದ ಮೂತ್ರವನ್ನು ಹೇರಳವಾಗಿ ಹೊರಹಾಕುತ್ತವೆ. ಕಿವಿರುಗಳು ನದಿಯ ನೀರಿನಲ್ಲಿರುವ ಚೂರುಪಾರು ಉಪ್ಪನ್ನೂ ಹುಡುಕಿ ಹೀರುತ್ತವೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನದಿಯ ಬುಲ್ ಶಾರ್ಕ್‌ಗಳ ಮೇಲೆ ರಿಚರ್ಡ್ ಪಿಲ್ಲನ್ಸ್ ಮತ್ತು ಕ್ರೇಗ್ ಫ್ರಾಂಕ್ಲಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಮುದ್ರದಲ್ಲಿರುವವುಗಳಿಗೆ ಹೋಲಿಸಿದರೆ ನದಿಯಲ್ಲಿರುವವುಗಳ ರಕ್ತದಲ್ಲಿ ಯೂರಿಯಾ ಸುಮಾರು ಅರ್ಧಕ್ಕೆ ಇಳಿದಿತ್ತು. ಗಮನಿಸಿ, ಇಳಿದದ್ದು ಅರ್ಧಕ್ಕೆ ಮಾತ್ರ, ಸೊನ್ನೆಗೆ ಅಲ್ಲ. ರಕ್ತ ಇನ್ನೂ ನದಿಯ ನೀರಿಗಿಂತ ಎಷ್ಟೋ ಪಾಲು ಸಾಂದ್ರವಾಗಿಯೇ ಇರುತ್ತದೆ. ಅಂದರೆ ನದಿಯಲ್ಲಿ ಕಳೆಯುವ ಪ್ರತಿ ಗಂಟೆಗೂ ಅದು ಶಕ್ತಿಯ ಬೆಲೆ ತೆರುತ್ತಿರುತ್ತದೆ.

ಇಷ್ಟು ಬೆಲೆ ತೆತ್ತು ಬರುವುದು ಮರಿಗಳಿಗಾಗಿ. ಬುಲ್ ಶಾರ್ಕ್ ಮೊಟ್ಟೆ ಇಡುವುದಿಲ್ಲ. ಗರ್ಭದಲ್ಲಿ ಮಾಸು, ಹೊಕ್ಕುಳಬಳ್ಳಿಯ ಮೂಲಕ ಮರಿಗಳಿಗೆ ಆಹಾರ ಸಿಗುತ್ತದೆ. 10-11 ತಿಂಗಳು ಹೊತ್ತು, ಹೆಚ್ಚೆಂದರೆ 13 ಮರಿಗಳನ್ನು ಅದು ಅಳಿವೆಗಳಲ್ಲಿ ಹೆರುತ್ತದೆ. ಹುಟ್ಟುವಾಗ ಮರಿಯ ಉದ್ದ ಅರ್ಧ ಮೀಟರಿಗಿಂತ ತುಸು ಹೆಚ್ಚು. ತೆರೆದ ಕಡಲಿನಲ್ಲಿ ಅಂಥ ಮರಿಯನ್ನು ನುಂಗಲು ದೊಡ್ಡ ಶಾರ್ಕ್‌ಗಳು ಕಾದಿರುತ್ತವೆ, ಅದರದೇ ಜಾತಿಯ ದೊಡ್ಡವೂ ಸೇರಿ. ಆ ಶತ್ರುಗಳಲ್ಲಿ ಹೆಚ್ಚಿನವು ಬರಲಾರದ ಜಾಗವೆಂದರೆ ನದಿ. ಮರಿಗಳು ಕೆಲವು ವರ್ಷ ನದಿಯಲ್ಲಿ ಮತ್ತು ಅಳಿವೆಯಲ್ಲಿ ಬೆಳೆದು, ಮೈ ಬಲಿತ ಮೇಲೆ ಕಡಲಿಗೆ ಇಳಿಯುತ್ತವೆ. ನನ್ನ ಮಟ್ಟಿಗೆ ಈ ಪ್ರಾಣಿಯ ಬದುಕಿನ ತಿರುಳು ಇದೇ. ಜನರನ್ನು ಹುಡುಕಿಕೊಂಡು ನದಿಗೆ ಬರುವ ಮೃಗವೆಂದು ಅದನ್ನು ತೋರಿಸುವ ಟಿ.ವಿ. ಕಾರ್ಯಕ್ರಮಗಳು ಮರಿಗಳ ಮಾತನ್ನೇ ಎತ್ತುವುದಿಲ್ಲ, ನನಗೆ ಅದು ಸಿಟ್ಟು ತರಿಸುತ್ತದೆ.

ದೊಡ್ಡವೂ ದೂರ ಹೋಗುತ್ತವೆ. ಅಮೆಜಾನ್‌ನಲ್ಲಿ ಪೆರುವಿನ ಇಕಿಟೋಸ್‌ವರೆಗೆ, ಸಮುದ್ರದಿಂದ 3,500 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಬುಲ್ ಶಾರ್ಕ್ ಸಿಕ್ಕಿದೆ. 1937ರಲ್ಲಿ ಮಿಸಿಸಿಪ್ಪಿಯಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಬಳಿ ಮೀನುಗಾರರು ಒಂದನ್ನು ಹಿಡಿದಿದ್ದರು. ನಿಕರಾಗುವಾ ಸರೋವರದ್ದು ಇನ್ನೂ ಸೊಗಸಾದ ಪ್ರಕರಣ. ಅಲ್ಲಿಯ ಶಾರ್ಕ್‌ಗಳು ಸರೋವರದಲ್ಲಿ ಸಿಕ್ಕಿಬಿದ್ದ ಬೇರೊಂದು ಜಾತಿ ಎಂದು 1877ರಿಂದ ಬಹುಕಾಲ ನಂಬಲಾಗಿತ್ತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಥಾಮಸ್ ಥಾರ್ಸನ್ 1960ರ ದಶಕದಲ್ಲಿ ಅವುಗಳಿಗೆ ಗುರುತುಪಟ್ಟಿ ಕಟ್ಟಿ ಬಿಡತೊಡಗಿದರು. ಸರೋವರದಲ್ಲಿ ಪಟ್ಟಿ ಕಟ್ಟಿದವು ಕೆರಿಬಿಯನ್ ಕಡಲ ದಡದಲ್ಲಿ ಸಿಕ್ಕವು, ದಡದಲ್ಲಿ ಕಟ್ಟಿದವು ಸರೋವರದಲ್ಲಿ ಸಿಕ್ಕವು. ನಡುವಿನ ಸ್ಯಾನ್ ಹುವಾನ್ ನದಿಯ ರಭಸದ ಇಳಿಜಾರುಗಳನ್ನು ದಾಟಿ ಅವು ಹೋಗಿಬಂದು ಮಾಡುತ್ತಿದ್ದವು. ನೂರು ವರ್ಷಗಳ ಹತ್ತಿರ ಬಾಳಿದ ಊಹೆಯನ್ನು ಒಂದು ಸಣ್ಣ ಪಟ್ಟಿ ಬಗೆಹರಿಸಿತು. ದುಃಖದ ಸಂಗತಿಯೆಂದರೆ, ಅದೇ ಕಾಲಕ್ಕೆ ಸರೋವರದ ದಡದ ಗ್ರಾನಡಾ ಪಟ್ಟಣದಲ್ಲಿ ಶಾರ್ಕ್ ಸಂಸ್ಕರಣೆಯ ಕಾರ್ಖಾನೆ ನಡೆಯುತ್ತಿತ್ತು. ಇಂದು ಆ ಸರೋವರದಲ್ಲಿ ಶಾರ್ಕ್ ಕಾಣುವುದೇ ಅಪರೂಪ.

ಎಲ್ಲ ಪ್ರಾಣಿಗಳಲ್ಲಿ ಅತಿ ಹೆಚ್ಚು ಟೆಸ್ಟೋಸ್ಟೆರಾನ್ ಇರುವುದರಿಂದ ಬುಲ್ ಶಾರ್ಕ್ ಅಷ್ಟು ಕ್ರೂರಿ ಎಂಬುದು ನಿಜವೇ?
— ಓದುಗರು, ಮೈಸೂರು

ಅಲ್ಲ. ಬೆರಳೆಣಿಕೆಯ ಶಾರ್ಕ್‌ಗಳ ರಕ್ತಪರೀಕ್ಷೆಯನ್ನು ಹಿಗ್ಗಿಸಿ ಕಟ್ಟಿದ ಮಾತು ಅದು. ಸಂಗಾತಿಯನ್ನು ಅರಸುವ ಋತುವಿನಲ್ಲಿ ಗಂಡು ಶಾರ್ಕ್‌ಗಳಲ್ಲಿ ಆ ಹಾರ್ಮೋನು ಏರುತ್ತದೆ, ಆಮೇಲೆ ಇಳಿಯುತ್ತದೆ. ಈ ಜಾತಿಯಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದು ಎಂಬುದನ್ನೂ ನೆನಪಿಡಿ.

ಮನುಷ್ಯರ ಮೇಲಿನ ದಾಳಿಗಳ ದಾಖಲೆಯಲ್ಲಿ ಗ್ರೇಟ್ ವೈಟ್, ಟೈಗರ್ ಶಾರ್ಕ್‌ಗಳ ಜೊತೆ ಬುಲ್ ಶಾರ್ಕ್ ಮೊದಲ ಮೂರರಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಇರುವ ಜಾಗ ನೋಡಿ: ಆಳವಿಲ್ಲದ ದಡ, ಅಳಿವೆ, ಬಂದರು, ಕದಡಿದ ನೀರು. ನಾವು ಈಜುವ ಜಾಗಗಳೂ ಅವೇ. ಮಂಕು ನೀರಿನಲ್ಲಿ ಅದು ಕಣ್ಣಿಗಿಂತ ವಾಸನೆಯನ್ನು, ನೀರಿನ ಅಲುಗಾಟವನ್ನು, ಬೇಟೆಯ ಸ್ನಾಯುಗಳಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಹೆಚ್ಚು ನಂಬುತ್ತದೆ. ಅದರ ಕಡಿತದ ಬಲವಂತೂ ನಿಜ: 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರು ಮೀಟರಿಗೆ ತುಸು ಕಡಿಮೆ ಉದ್ದದ ಬುಲ್ ಶಾರ್ಕ್‌ನ ದವಡೆಯ ಹಿಂಭಾಗದಲ್ಲಿ ಸುಮಾರು 5,900 ನ್ಯೂಟನ್ ಬಲವನ್ನು ಲೆಕ್ಕಹಾಕಿತು. ಆಮೆಯ ಚಿಪ್ಪು ಒಡೆಯಲು ಅಂಥ ದವಡೆ ಬೇಕು.

ಇಲ್ಲಿಯ ಗಾಲ್ಫ್ ಮೈದಾನದ ಕೆರೆಯಲ್ಲಿ ಶಾರ್ಕ್‌ಗಳಿದ್ದವು ಎಂದು ಮಗ ಶಾಲೆಯಿಂದ ಕೇಳಿಕೊಂಡು ಬಂದಿದ್ದಾನೆ. ನಿಜವೇ? ನದಿಯಲ್ಲಿ ಮಕ್ಕಳನ್ನು ಇಳಿಸಬಹುದೇ?
— ಕನ್ನಡ ತಾಯಿಯೊಬ್ಬರು, ಬ್ರಿಸ್ಬೇನ್

ನಿಮ್ಮ ಮಗ ಕೇಳಿದ್ದು ನಿಜ. ನಿಮ್ಮ ನಗರದ ದಕ್ಷಿಣಕ್ಕೆ ಕಾರ್‌ಬ್ರೂಕ್ ಎಂಬಲ್ಲಿ ಅದು ನಡೆದದ್ದು. 1996ರಲ್ಲಿ ಲೋಗನ್ ಮತ್ತು ಆಲ್ಬರ್ಟ್ ನದಿಗಳು ಉಕ್ಕಿ ಕೆರೆಯನ್ನು ಸೇರಿದಾಗ ಆರು ಎಳೆಯ ಬುಲ್ ಶಾರ್ಕ್‌ಗಳು ಒಳಗೆ ಬಂದವು. ನೀರು ಇಳಿದ ಮೇಲೆ ಅವುಗಳ ದಾರಿ ಮುಚ್ಚಿಹೋಯಿತು. ಕೆರೆಯಲ್ಲಿದ್ದ ಮೀನುಗಳನ್ನು ತಿಂದುಕೊಂಡು ಅವು ಅಲ್ಲಿಯೇ ಬೆಳೆದವು. 2013ರ ನೆರೆಯವರೆಗೆ, ಅಂದರೆ 17 ವರ್ಷ, ಕೆರೆಯಲ್ಲಿ ಶಾರ್ಕ್ ಇದ್ದದ್ದು ದಾಖಲಾಗಿದೆ. ಪೀಟರ್ ಗೌಸ್‌ಮನ್ ಎಂಬ ಸಂಶೋಧಕರು 2023ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸಮುದ್ರವನ್ನು ಮುಟ್ಟದೆ ಇಷ್ಟು ಕಾಲ ಈ ಪ್ರಾಣಿ ಬದುಕಬಲ್ಲದು ಎಂಬುದಕ್ಕೆ ಇಂಥ ಪುರಾವೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಗನಿಗೆ ಇನ್ನೊಂದು ಹೇಳಿ: ಯಾರೂ ಯೋಜಿಸದೆ ನಡೆದ ಈ ಪ್ರಯೋಗದಲ್ಲಿ ನೋಡಿದವರ ನೆನಪು ಮತ್ತು ಫೋಟೋಗಳೇ ಮಾಹಿತಿಯಾದವು.

ನದಿಯ ಬಗ್ಗೆ ನನ್ನ ಸಲಹೆ ನೇರವಾದದ್ದು. ಬ್ರಿಸ್ಬೇನ್ ನದಿ ಬುಲ್ ಶಾರ್ಕ್ ಮರಿಗಳ ತೊಟ್ಟಿಲು. ಅಲ್ಲಿ ಮಕ್ಕಳನ್ನು ಈಜಲು ಬಿಡಬೇಡಿ, ಮುಖ್ಯವಾಗಿ ಮುಸ್ಸಂಜೆಯಲ್ಲಿ, ಮಳೆಯ ನಂತರ ನೀರು ಕೆಂಪಾದಾಗ, ಯಾರಾದರೂ ಮೀನು ಹಿಡಿಯುತ್ತಿರುವ ಜಾಗದ ಬಳಿ. ದಡದಲ್ಲಿ ನಿಂತು ನೋಡಲು ಭಯ ಬೇಡ.

ನಮ್ಮ ಬಲೆಗೆ ಬರುವ ತಾಟೆ ಮೀನುಗಳಲ್ಲಿ ಬುಲ್ ಶಾರ್ಕ್ ಯಾವುದು, ಗಂಗಾ ಶಾರ್ಕ್ ಯಾವುದು? ಎರಡನೆಯದನ್ನು ಹಿಡಿದರೆ ಕೇಸು ಬೀಳುತ್ತದೆ ಎನ್ನುತ್ತಾರೆ.
— ಮೀನುಗಾರರು, ಮಲ್ಪೆ

ಅಣ್ಣಾ, ಕೇಸಿನ ಮಾತು ನಿಜ. ಗಂಗಾ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಅದು ಗಂಗೆಗೆ ಮಾತ್ರ ಸೀಮಿತ ಎಂದುಕೊಳ್ಳಬೇಡಿ. 2016ರ ಫೆಬ್ರುವರಿಯಲ್ಲಿ ಮುಂಬೈಯ ಸಸೂನ್ ಡಾಕ್‌ನಲ್ಲಿ ಸಂಶೋಧಕರಿಗೆ ಒಂದು ಹೆಣ್ಣು ಕಂಡಿತ್ತು, ಉದ್ದ 266 ಸೆಂ.ಮೀ. ಅರಬ್ಬಿ ಸಮುದ್ರದಲ್ಲಿ ಅದು ಸಿಕ್ಕಿದ್ದು ಬಹಳ ವರ್ಷಗಳ ನಂತರ.

ಎರಡಕ್ಕೂ ಮೊಂಡು ಮೂತಿ, ಬೂದು ಮೈ, ಸಣ್ಣ ಕಣ್ಣು. ಹಾಗಾಗಿ ಗಂಗೆಯಲ್ಲಿ ಬುಲ್ ಶಾರ್ಕ್ ಮಾಡಿದ ದಾಳಿಗಳೂ ಗಂಗಾ ಶಾರ್ಕ್‌ನ ತಲೆಗೆ ಬಂದಿರುವ ಸಂಭವವಿದೆ. ನೀವು ಮೊದಲು ಬೆನ್ನು ನೋಡಿ. ಬುಲ್ ಶಾರ್ಕ್‌ನ ಹಿಂದಿನ ರೆಕ್ಕೆ ಮುಂದಿನದರ ಮೂರನೆಯ ಒಂದು ಭಾಗದಷ್ಟು ಮಾತ್ರ ಎತ್ತರ. ಗಂಗಾ ಶಾರ್ಕ್‌ನದು ಅರ್ಧದಷ್ಟಿರುತ್ತದೆ. ಆಮೇಲೆ ಬಾಲದ ಬುಡದಲ್ಲಿ, ಮೇಲ್ಭಾಗದಲ್ಲಿ, ಬೆರಳಾಡಿಸಿ. ಅಲ್ಲಿ ಒಂದು ಗುಳಿ ಸಿಗುತ್ತದೆ. ಬುಲ್ ಶಾರ್ಕ್‌ನಲ್ಲಿ ಆ ಗುಳಿ ಅಡ್ಡಕ್ಕಿರುತ್ತದೆ, ಗಂಗಾ ಶಾರ್ಕ್‌ನಲ್ಲಿ ಉದ್ದಕ್ಕಿರುತ್ತದೆ. ಕತ್ತಲೆಯಲ್ಲಿಯೂ ಇದು ಕೈಗೆ ತಿಳಿಯುತ್ತದೆ.

ಇನ್ನು ರೆಕ್ಕೆಯ ವ್ಯಾಪಾರ. ಯಾವುದೇ ಶಾರ್ಕ್‌ನ ರೆಕ್ಕೆ ಕೊಯ್ದು ಮೈಯನ್ನು ಕಡಲಿಗೆ ಎಸೆಯುವಂತಿಲ್ಲ, 2013ರಿಂದ ಆ ನಿಯಮವಿದೆ. 2015ರಿಂದ ರೆಕ್ಕೆಯ ರಫ್ತಿಗೂ ನಿಷೇಧ. ಬುಲ್ ಶಾರ್ಕ್ ಕೂಡ ಈಗ ಜಗತ್ತಿನಾದ್ಯಂತ ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿ ಸೇರಿದೆ. ಬೂತಾಯಿ ಒಂದೆರಡು ವರ್ಷದೊಳಗೆ ಬೆಳೆದು ಸಾವಿರಾರು ಮೊಟ್ಟೆ ಇಡುತ್ತದೆ. ಹೆಣ್ಣು ಬುಲ್ ಶಾರ್ಕ್ ಮರಿ ಹಾಕುವಷ್ಟು ಬಲಿಯಲು ಹತ್ತು ವರ್ಷದ ಮೇಲೆಯೇ ಬೇಕು. ಅಳಿವೆಯಲ್ಲಿ ಮರಿಗಳು ಬಲೆಗೆ ಬಿದ್ದರೆ, ಜೀವವಿದ್ದರೆ ದಯವಿಟ್ಟು ಬಿಟ್ಟುಬಿಡಿ. ಬಾಲ ಹಿಡಿದು ತೂಗಾಡಿಸಬೇಡಿ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಹೊಟ್ಟೆಯ ಕೆಳಗೆ ಕೈಕೊಟ್ಟು ನೀರಿಗೆ ಇಳಿಸಿ. ಉದ್ದಕ್ಕಿರುವ ಗುಳಿಯ ಮೀನು ಎಂದಾದರೂ ಸಿಕ್ಕರೆ, ಪಕ್ಕದಿಂದ ಒಂದು, ಬಾಲದ ಬುಡದ್ದೊಂದು ಫೋಟೋ ತೆಗೆದು ಮಂಗಳೂರಿನ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಕೇಂದ್ರಕ್ಕೆ ತಲುಪಿಸಿ. ಸಿಕ್ಕ ಜಾಗ, ನೀರಿನ ಆಳ, ದಿನಾಂಕ ಜೊತೆಗಿರಲಿ.