ಟಾಕೊ ಹಗುರವಾಗಲಿ, ಖೀಮಾ ಒಣಗದಿರಲಿ

ಪ್ರಶ್ನೆ: ಅಕ್ಕ, ನಮಸ್ಕಾರ. ಮಗ ಹೈದರಾಬಾದಿನಲ್ಲಿ ಓದುತ್ತಾನೆ. ರಜೆಗೆ ಬಂದಾಗಲೆಲ್ಲ ಮೆಕ್ಸಿಕೊದ ಟಾಕೊ ಮಾಡಿಕೊಡು ಎಂದು ಕೇಳುತ್ತಾನೆ. ಯಜಮಾನರಿಗೆ ಕೊಲೆಸ್ಟ್ರಾಲ್ ಇರುವುದರಿಂದ ಕುರಿ ಮಾಂಸ, ಕರಿದದ್ದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಕೋಳಿಯ ಎದೆಭಾಗದ ಖೀಮಾ ತಂದು, ಎಣ್ಣೆಯನ್ನೇ ಹಾಕದೆ ಬೇಯಿಸಿದೆ. ಮಾಂಸ ಮರಳಿನಂತೆ ಒಣಗಿತು. ಜೋಳದ ರೊಟ್ಟಿಯಲ್ಲಿ ಇಟ್ಟು ಮಡಿಚಿದರೆ ರೊಟ್ಟಿ ನಡುವೆ ಮುರಿಯಿತು. ಕೊನೆಗೆ ರುಚಿ ಬರಲೆಂದು ಮೇಲೆ ಚೀಸ್ ತುರಿದು ಹಾಕಿದೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಸೇಡಂ

ಉತ್ತರ: ತಂಗಿ, ನಿನ್ನ ಪತ್ರದ ಕೊನೆಯ ಸಾಲಿನಲ್ಲೇ ಉತ್ತರವಿದೆ. ಖೀಮಾಕ್ಕೆ ಎರಡು ಚಮಚ ಎಣ್ಣೆ ಹಾಕಲು ಹೆದರಿದೆ. ಆಮೇಲೆ ರುಚಿ ಸಾಲದೆ ಚೀಸ್ ಸುರಿದೆ. ಅಂಗಡಿಯ ಚೀಸಿನಲ್ಲಿ ಸುಮಾರು ಕಾಲುಭಾಗ ಕೊಬ್ಬೇ ಇರುತ್ತದೆ. ಚರ್ಮ ತೆಗೆದ ಕೋಳಿಯ ಎದೆಮಾಂಸದಲ್ಲಿ ನೂರು ಗ್ರಾಮಿಗೆ ಎರಡು-ಮೂರು ಗ್ರಾಂ ಕೊಬ್ಬಿದ್ದರೆ ಹೆಚ್ಚು. ಟಾಕೊ ಭಾರವಾಗುವುದು ಕರಿದ ಹೊದಿಕೆ, ಚೀಸ್ ಮತ್ತು ಕೆನೆಯಿಂದ. ಅಲ್ಲಿ ಕೈ ಬಿಗಿ ಹಿಡಿ, ಖೀಮಾದಲ್ಲಿ ಸ್ವಲ್ಪ ಸಡಿಲ ಬಿಡು.

ಮಗ ಹೋಟೆಲಿನಲ್ಲಿ ತಿಂದದ್ದು ಬಹುಶಃ ದೋಣಿಯಂತೆ ಬಾಗಿಸಿ ಕರಿದ ಗರಿಗರಿ ಹೊದಿಕೆಯ ಟಾಕೊ ಇರಬೇಕು. ಹಳದಿ ಚೀಸ್ ತುಂಬುವ ಆ ಬಗೆ ಹೆಚ್ಚಾಗಿ ಅಮೆರಿಕದ ಕಡೆಯದು. ಮೆಕ್ಸಿಕೊದಲ್ಲಿ ಟಾಕೊ ಎಂದರೆ ಸಾಮಾನ್ಯವಾಗಿ ಮೆಕ್ಕೆಜೋಳದ ಮೆತ್ತನೆಯ ರೊಟ್ಟಿ, ಒಳಗೆ ಮಾಂಸ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆರಸ ಮತ್ತು ಖಾರದ ಸಾಲ್ಸಾ. ಖೀಮಾ ಅಲ್ಲಿನ ಮನೆಗಳಲ್ಲೂ ಇದೆ, ‘ಪಿಕಾಡಿಯೊ’ ಎನ್ನುತ್ತಾರೆ. ಟೊಮೆಟೊ, ಆಲೂಗಡ್ಡೆಯ ಸಣ್ಣ ತುಂಡುಗಳ ಜೊತೆ ಬೇಯಿಸುತ್ತಾರೆ. ಒಣಗದಿರುವ ಗುಟ್ಟು ಅದರಲ್ಲೇ ಇದೆ: ಮಾಂಸದ ಜೊತೆಗೆ ನೀರು ಹಿಡಿದುಕೊಳ್ಳುವ ತರಕಾರಿ ಇರಬೇಕು.

ಮೊದಲು ಅಂಗಡಿಯ ಮಾತು. ನಾನು ಕಲಬುರಗಿಯಲ್ಲಿ ಖೀಮಾ ತರುವಾಗ ಬೀಸಿಟ್ಟದ್ದನ್ನು ತರುವುದಿಲ್ಲ. ಒಮ್ಮೆ ಹಾಗೆ ತಂದದ್ದು ಒಲೆಗೇರಿದ ಕೂಡಲೇ ಎಣ್ಣೆ ಬಿಟ್ಟಿತು. ಚರ್ಮವನ್ನೂ ಸೇರಿಸಿ ಬೀಸಿದ್ದರು. ಈಗ ಅರ್ಧ ಎದೆಭಾಗ, ಅರ್ಧ ತೊಡೆಭಾಗ ಕೇಳಿ, ಚರ್ಮ ತೆಗೆಸಿ, ತೂಗಿಸಿ, ಕಣ್ಣೆದುರೇ ಒಂದೇ ಸಲ ಬೀಸಿಸುತ್ತೇನೆ. ಎರಡು ಸಲ ಬೀಸಿದರೆ ಅಂಟಾಗುತ್ತದೆ. ತೊಡೆಭಾಗದಲ್ಲಿ ಕೊಬ್ಬು ತುಸು ಹೆಚ್ಚು, ಆದರೆ ರಸವೂ ಹೆಚ್ಚು. ಬೀಸಿಸುವ ಮೊದಲು ಯಂತ್ರ ತೊಳೆಯಲು ಹೇಳು, ಸಂಕೋಚಪಡಬೇಡ. ಹಿಂದಿನವರ ಕುರಿ ಕೊಬ್ಬು ಅದರಲ್ಲೇ ಉಳಿದಿರುತ್ತದೆ. ಮನೆಗೆ ತಂದ ಖೀಮಾವನ್ನು ತೊಳೆಯಬೇಡ. ರಸವೆಲ್ಲ ಹೋಗುತ್ತದೆ, ಸಿಡಿದ ನೀರಿನಿಂದ ರೋಗಾಣು ಅಡುಗೆಮನೆಗೆಲ್ಲ ಹರಡುತ್ತದೆ.

ಅರ್ಧ ಕಿಲೋ ಖೀಮಾಕ್ಕೆ ಎರಡು ಸಣ್ಣ ಚಮಚ ಶೇಂಗಾ ಎಣ್ಣೆ ಸಾಕು. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಖೀಮಾವನ್ನು ತೆಳ್ಳಗೆ ಹರಡಿ ಎರಡು ನಿಮಿಷ ಕೈಯಾಡಿಸದೆ ಬಿಡು. ಚಮಚ ಹಿಡಿದು ನಿಂತರೆ ಕೈ ಸುಮ್ಮನಿರುವುದಿಲ್ಲ, ಆ ಹೊತ್ತಿಗೆ ಈರುಳ್ಳಿ ಹೆಚ್ಚಿಕೊ. ತಳ ಕಂದುಬಣ್ಣಕ್ಕೆ ಬಂದು ವಾಸನೆ ಬದಲಾದಾಗ ತಿರುವಿ ಹಾಕಿ ಗಂಟು ಒಡೆ. ಮೊದಲಿಂದಲೇ ಕೆದಕಿದರೆ ಮಾಂಸ ನೀರು ಬಿಟ್ಟು, ಆ ನೀರಿನಲ್ಲೇ ಬೆಂದು, ಬೂದುಬಣ್ಣದ ಮರಳಾಗುತ್ತದೆ. ನಿನಗೆ ಆದದ್ದು ಅದೇ.

ಆಮೇಲೆ ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಕಾಳಿನಷ್ಟು ಸಣ್ಣಗೆ ಹೆಚ್ಚಿದ ಒಂದು ಆಲೂಗಡ್ಡೆ, ಎರಡು ಟೊಮೆಟೊ ಹಾಕು. ಹುರಿದು ಕುಟ್ಟಿದ ಜೀರಿಗೆ ಒಂದು ಚಮಚ, ಉಪ್ಪು. ಖಾರಕ್ಕೆ ಎರಡು ಬ್ಯಾಡಗಿ ಮೆಣಸಿನಕಾಯಿಯನ್ನು ಹಂಚಿನ ಮೇಲೆ ಅಲ್ಲಲ್ಲಿ ಕಪ್ಪಾಗುವವರೆಗೆ ಸುಟ್ಟು, ಬಿಸಿನೀರಿನಲ್ಲಿ ನೆನೆಸಿ ಅರೆದುಕೊ. ಹೊಗೆಯ ವಾಸನೆ ಇರಬೇಕು. ಗರಂ ಮಸಾಲೆ ಮಾತ್ರ ಬೇಡ. ಲವಂಗ, ಚಕ್ಕೆ ಬಿದ್ದರೆ ಅದು ನಮ್ಮ ಖೀಮಾವೇ ಆಗುತ್ತದೆ. ಮೆಕ್ಸಿಕೊದವರು ಹಾಕುವ ಒರೆಗಾನೊ ಸೊಪ್ಪಿಗೆ ಬದಲಾಗಿ ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ಎರಡೇ ಎಲೆ ಹೆಚ್ಚಿ ಹಾಕು. ಪರಿಮಳ ಆಶ್ಚರ್ಯವಾಗುವಷ್ಟು ಹತ್ತಿರವಿದೆ. ಮೂರನೆಯ ಎಲೆ ಬಿದ್ದರೆ ಕಷಾಯದ ರುಚಿ ಬರುತ್ತದೆ. ಅರ್ಧ ಲೋಟ ನೀರು ಹಾಕಿ ಮುಚ್ಚಿ, ಆಲೂಗಡ್ಡೆ ಬೆಂದ ಮೇಲೆ ತೆರೆದು ಆರಿಸು. ಗುಲಾಬಿ ಬಣ್ಣ ಎಲ್ಲಿಯೂ ಉಳಿಯಬಾರದು. ಕೋಳಿ ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಎಂಬುದು ಸುರಕ್ಷತೆಯ ಲೆಕ್ಕ.

ಇನ್ನು ರೊಟ್ಟಿ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಅದರಿಂದ ಹಿಟ್ಟಿಗೆ ಜಿಗಿ ಬರುತ್ತದೆ, ಕಾಳಿನಲ್ಲಿ ಸಿಕ್ಕಿಕೊಂಡಿರುವ ಬಿ3 ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ನಮ್ಮ ಪೇಟೆಯ ಮೆಕ್ಕೆಜೋಳದ ಹಿಟ್ಟು ಹಾಗೆ ಮಾಡಿದ್ದಲ್ಲ, ಮಡಿಚಿದರೆ ಒಡೆಯುತ್ತದೆ. ಅದಕ್ಕಿಂತ ನಮ್ಮ ಜೋಳವೇ ವಾಸಿ. ಮಾಲದಂಡಿ ಜೋಳ, ಬೀಸಿಸಿ ವಾರ ಮೀರದ ಹಿಟ್ಟು ತೆಗೆದುಕೊ. ಹಳೆಯದಾದರೆ ಜಿಗಿ ಹೋಗುತ್ತದೆ. ಕುದಿಯುವ ಎಸರು ಹಾಕಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದು. ಅಂಗೈ ಅಗಲಕ್ಕೆ ಬಡಿ, ಎಂದಿನ ರೊಟ್ಟಿಗಿಂತ ಒಂದು ಕೂದಲು ದಪ್ಪ ಇರಲಿ. ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ ಎರಡೂ ಕಡೆ ಬೇಯಿಸು, ಆದರೆ ಕೆಂಡದ ಮೇಲೆ ಗರಿಯಾಗಿಸಬೇಡ. ಇಳಿಸಿದ ಕೂಡಲೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡು. ಹತ್ತು ನಿಮಿಷ ತಮ್ಮ ಆವಿಯಲ್ಲೇ ಮೆತ್ತಗಾದ ರೊಟ್ಟಿ ಬೆರಳಿಗೆ ಬಾಗುತ್ತದೆ. ನೀನು ಮಡಿಚಿದ್ದು ಆರಿದ ರೊಟ್ಟಿ, ಅದಕ್ಕೇ ಮುರಿಯಿತು.

ಸಾಲ್ಸಾ ನಿನಗೆ ಬರುವ ಚಟ್ನಿಯೇ. ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಂಚಿನ ಮೇಲೆ ಸುಟ್ಟು, ಕಲ್ಲಿನಲ್ಲಿ ಉಪ್ಪಿನೊಂದಿಗೆ ತರಿತರಿಯಾಗಿ ಜಜ್ಜು. ಒಗ್ಗರಣೆ ಬೇಡ. ಕೆನೆಯ ಬದಲು ಎರಡು ಗಂಟೆ ಬಟ್ಟೆಯಲ್ಲಿ ಕಟ್ಟಿದ ಮೊಸರು, ಅದಕ್ಕೆ ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ. ಇಷ್ಟು ಇದ್ದರೆ ಮಗ ಚೀಸ್ ಕೇಳುವುದಿಲ್ಲ. ನನ್ನ ಮೊಮ್ಮಕ್ಕಳು ಕೇಳಿಲ್ಲ. ಯಜಮಾನರ ಪಾಲಿಗೆ ಮೂರು ಟಾಕೊ, ಉಪ್ಪು ಹಿಡಿತದಲ್ಲಿ. ಔಷಧದ ವಿಷಯ ಮಾತ್ರ ಡಾಕ್ಟರು ಹೇಳಿದಂತೆಯೇ ನಡೆಯಲಿ.

ಪ್ರಶ್ನೆ: ಶಾಲೆಗೆ ಹೋಗುವ ಶಿಕ್ಷಕಿ ನಾನು. ಖೀಮಾ ಹಿಂದಿನ ರಾತ್ರಿಯೇ ಮಾಡಿಡಬಹುದೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಮಾಡಿಡಬಹುದು, ಟೀಚರ್. ಮಸಾಲೆ ಹಿಡಿದು ರುಚಿಯೂ ಕೂಡುತ್ತದೆ. ಹಸಿ ಖೀಮಾ ಫ್ರಿಜ್ಜಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇರಬಾರದು; ಬೇಯಿಸಿದ್ದು ಮೂರು ದಿನ ಇರುತ್ತದೆ. ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಾದರೆ ಒಂದೇ ಗಂಟೆ. ಬೇಗ ಆರಲೆಂದು ಅಗಲವಾದ ತಟ್ಟೆಗೆ ಹರಡಿ, ಬಳಿಕ ಡಬ್ಬಿಗೆ ತುಂಬಿ. ಮರುದಿನ ಬೇಕಾದಷ್ಟನ್ನು ಮಾತ್ರ ತೆಗೆದು, ಎರಡು ಚಮಚ ನೀರು ಚಿಮುಕಿಸಿ, ಹಬೆಯಾಡುವವರೆಗೆ ಬಿಸಿ ಮಾಡಿ. ರೊಟ್ಟಿ ಮಾತ್ರ ಆಗಿಂದಾಗಲೇ ಬಡಿಯಬೇಕು.